ರೇಡಿಯೋಗೆ ತೊಡಿಸಿದ ಬಳೆ

ಇವತ್ತು ಬೆಳಿಗ್ಗೆ ಅಂಗಡೀಲಿ ತಾಮ್ರದ ತಂತಿ ಮೇಲಿನ ವಾರ್ನಿಷ್ ಸುಡ್ತಿದ್ದೆ. ನಿಮಗೆ ಆ ವಾಸನೆ ಗೊತ್ತೋ ಇಲ್ವೋ, ಸೀದ ಬೆಲ್ಲಕ್ಕೂ ಸುಟ್ಟ ಕೂದಲಿಗೂ ಮದುವೆ ಮಾಡಿಸ್ದಂಗಿರುತ್ತೆ. ಚಿಕ್ಕಬಳ್ಳಾಪುರದ ಈ ನನ್ನ ಟೀವಿ ರಿಪೇರಿ ಅಂಗಡಿಗೆ ಬರೋರೆಲ್ಲ ಮೂಗು ಮುಚ್ಕೋತಾರೆ. ನನಗೆ ಮಾತ್ರ ಮೀಸೆ ತಿರುವ್ಬೇಕು ಅನ್ಸುತ್ತೆ. ಯಾಕೆ ಅಂತ ಹೇಳ್ತೀನಿ, ಆ ಸ್ಟೂಲ್ ಎಳ್ಕೊಂಡು ಕೂತ್ಕೊಳ್ಳಿ. ಒಂದು ಕಾಲು ಅಲ್ಲಾಡುತ್ತೆ, ಹುಷಾರು. ಊರಿನೋರ್ದೆಲ್ಲ ರಿಪೇರಿ ಮಾಡೋನಿಗೆ ಸ್ವಂತ ಸ್ಟೂಲಿಗೆ ಪುರುಸೊತ್ತೆಲ್ಲಿ?

ಆಗ ನಾನು ಚಿಂತಾಮಣೀಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದ್ತಿದ್ದೆ. ಓದ್ತಿದ್ದೆ ಅನ್ನೋದು ದೊಡ್ಡ ಮಾತು, ಬಸ್ ಹತ್ತಿ ಹೋಗ್ಬರ್ತಿದ್ದೆ. ರಜದಲ್ಲಿ ಅಪ್ಪನ ರೇಡಿಯೋ ಬಿಚ್ಚಿ ಮತ್ತೆ ಜೋಡಿಸ್ದೆ. ಒಂದೇ ರೇಡಿಯೋ ಬಿಚ್ಚಿದ್ದು, ಜೋಡಿಸಿ ಮುಚ್ಚಳ ಹಾಕಿದ್ಮೇಲೂ ಇನ್ನೊಂದು ರೇಡಿಯೋಗಾಗೋವಷ್ಟು ಸಾಮಾನು ಚಾಪೆ ಮೇಲೆ ಉಳಿದಿತ್ತು. ಅಪ್ಪ ಅದನ್ನ ನೋಡಿ, "ಇವನನ್ನ ಓದ್ಸಿದ್ದು ಸಾರ್ಥಕ ಆಯ್ತು ಕಣೇ, ಇಲ್ದೇ ಇರೋದನ್ನೂ ಹುಟ್ಟಿಸ್ತಾನೆ" ಅಂದ್ರು ಅಮ್ಮಂಗೆ. ನಾನದನ್ನ ಹೊಗಳಿಕೆ ಅಂತಾನೇ ತಗೊಂಡೆ.

ನಮ್ಮೂರು ಸಾದಲಿ ಪಕ್ಕ. ಮನೇಲಿ ರೇಷ್ಮೆಹುಳ ಸಾಕ್ತಿದ್ವಿ. ಹುಳ ಹಣ್ಣಾಗೋ ದಿನ ಹೆಂಗಿರುತ್ತೆ ಅಂತ ಕಂಡೋರಿಗೇ ಗೊತ್ತು. ಹುಳದ ಮೈ ಬೆಳಕಿಗೆ ಹಿಡಿದ್ರೆ ಆಚೆ ಕಡೆ ಕಾಣೋ ಹಂಗೆ ಹಳದಿಯಾಗುತ್ತೆ. ತಕ್ಷಣ ಒಂದೊಂದೇ ಆರಿಸಿ ಚಂದ್ರಿಕೆ ಮೇಲೆ ಬಿಡ್ಬೇಕು. ಚಂದ್ರಿಕೆ ಅಂದ್ರೆ ಆಳೆತ್ತರದ ಬಿದಿರಿನ ತಟ್ಟಿ, ಅದರ ಮೇಲೆ ಚಕ್ಕುಲಿ ಥರ ಸುತ್ತಿದ ಬಿದಿರ ಪಟ್ಟಿ. ಆ ಸುತ್ತಿನ ಸಂದೀಲಿ ಕೂತು ಹುಳ ಗೂಡು ಕಟ್ಟುತ್ತೆ. ಕಟ್ಟೋಕೆ ಶುರುವಾದ್ಮೇಲೆ ಮುಟ್ಟಂಗಿಲ್ಲ, ಅಲ್ಲಾಡ್ಸಂಗಿಲ್ಲ. ಅವತ್ತು ಮನೆಮಂದಿ ಸಾಲದೆ ಪಕ್ಕದ ಬೀದಿ ರತ್ನಕ್ಕನ್ನ ಕರೆದಿದ್ವಿ. ಹಣ್ಣಾದ ಹುಳ ಗುರುತು ಹಿಡಿಯೋದ್ರಲ್ಲಿ ರತ್ನಕ್ಕನ ಬೆರಳಿಗೆ ಕಣ್ಣಿತ್ತು. ನಾನು ಆರಿಸ್ದ ಹುಳಗಳನ್ನ ನೋಡಿ, "ಇವು ಇನ್ನೂ ಎರಡು ಊಟ ಬಾಕಿ ಇಟ್ಕೊಂಡವೆ ಕಣಪ್ಪ, ಹಸ್ಕೊಂಡಿರೋರನ್ನ ಕೆಲಸಕ್ಕೆ ಹಚ್ತೀಯಾ?" ಅಂತ ವಾಪಸ್ ಸೊಪ್ಪಿಗೆ ಬಿಟ್ಲು.

ಕೆಲಸ ಮುಗಿದ್ಮೇಲೆ ಅಮ್ಮ ಕಿವಿ ಮುಟ್ಕೊಂಡ್ರು. ಒಂದು ಕಿವೀಲಿ ಓಲೆ ಇಲ್ಲ.

ಹುಳದ ಹಾಸಿಗೆ ಸೊಪ್ಪು ಜಾಲಾಡಿದ್ವಿ, ಅಂಗಳ ಗುಡಿಸಿದ್ವಿ, ಹುಳ ತಿಂದುಳಿದು ಹಸುವಿಗೆ ಹಾಕಿದ ಕಡ್ಡಿ ವಾಪಸ್ ಕಿತ್ಕೊಂಡ್ವಿ. ಇಲ್ಲ. ಆಗ ನಮ್ಮಜ್ಜಿ ಒಂದು ಕೆಲಸ ಮಾಡ್ತು. ಅಜ್ಜಿಗೆ ಒಂದು ಅಭ್ಯಾಸ, ಮನೆ ಗುಟ್ಟೆಲ್ಲ ತೆಲುಗಲ್ಲೇ ಹೇಳೋದು. ನಮ್ಮ ಕಡೆ ಕೋಳಿಗಳಿಗೂ ತೆಲುಗು ಬರುತ್ತೆ ಅನ್ನೋದು ಅಜ್ಜಿಗೆ ಯಾವತ್ತೂ ಹೊಳೆದಿರ್ಲಿಲ್ಲ. ಅಮ್ಮನ ಕಡೆ ತಿರುಗಿ, "ಬಯಟನುಂಚಿ ವಚ್ಚಿಂದಿ ಅದೊಕ್ಕತೇ ಕದಾ" ಅಂತು. ಹೊರಗಿಂದ ಬಂದಿರೋಳು ಅವಳೊಬ್ಳೇ ಅಲ್ವಾ ಅಂತ.

ಕೈ ತೊಳೀತಿದ್ದ ರತ್ನಕ್ಕ ಚೊಂಬು ಕೆಳಗಿಟ್ಲು. "ಅವುನಮ್ಮಾ, ನೇನೊಕ್ಕತೇ" ಅಂದ್ಲು. ಹೌದಮ್ಮ, ನಾನೊಬ್ಳೇ. ಆಮೇಲೆ ಸೆರಗು ಕೊಡವಿ ತೋರ್ಸಿ, "ಓಲೆ ಸಿಕ್ಕೋವರ್ಗೂ ಈ ಹೊಸ್ಲು ತುಳಿಯಲ್ಲ" ಅಂತ ಹೊರಟೇಹೋದ್ಲು. ಅಮ್ಮ ಅತ್ತೆ ಎದುರಿಗೆ ಮಾತಾಡಕ್ಕಾಗದೆ ಒಂಟಿ ಓಲೆ ಹಾಕ್ಕೊಂಡೇ ಕಣ್ಣು ಒರೆಸ್ಕೊಂಡ್ರು.

ಓಲೆ ಚಂದ್ರಿಕೇಲಿ ಬಿದ್ದಿರ್ಬೇಕು ಅಂತ ಅಮ್ಮನ ನಂಬಿಕೆ. ಗೂಡು ಬಿಡಿಸೋವಾಗ ಸಿಕ್ಕೇ ಸಿಗುತ್ತೆ, ಆದ್ರೆ ಅದಕ್ಕಿನ್ನೂ ನಾಲ್ಕೈದು ದಿನ. ಮಾತು ಅಷ್ಟು ದಿನ ಕಾಯುತ್ತಾ? ಮಾರನೇ ಬೆಳಿಗ್ಗೆನೇ, ಹುಳ ಆರ್ಸೋಕೆ ಬಾ ಅಂದಿದ್ದ ಒಂದು ಮನೆಯೋರು ರತ್ನಕ್ಕಂಗೆ, "ಬೇಡ ಬಿಡಮ್ಮ, ನಮ್ಮೋರೇ ಇದಾರೆ" ಅಂದ್ರಂತೆ.

ಇಲ್ಲಿ ನಿಮ್ಮ ಹೀರೋ ಎಂಟ್ರಿ. ಲೋಹ ಹುಡುಕೋ ಮೆಷಿನ್ ಮಾಡ್ತೀನಿ ಅಂತ ಸಾರಿದೆ. ವಿದ್ಯೆ ಸುಲಭ: ತಂತಿ ಸುತ್ತಿದ ಕಾಯಿಲ್ ಒಂದು, ಅದಕ್ಕೆ ಸಣ್ಣ ಸರ್ಕ್ಯೂಟ್ ಒಂದು, ಪಕ್ಕದಲ್ಲಿ ರೇಡಿಯೋ. ಶಿಳ್ಳೆ ಬರೋ ಹಂಗೆ ರೇಡಿಯೋ ತಿರುಗಿಸಿಡೋದು. ಕಾಯಿಲ್ ಹತ್ರ ಲೋಹ ಬಂದ್ರೆ ಶಿಳ್ಳೆಯ ದನಿ ಬದಲಾಗುತ್ತೆ. ಕಾಲೇಜಿನ ಲ್ಯಾಬಲ್ಲಿ ಮೇಷ್ಟ್ರು ಮಾಡಿ ತೋರ್ಸಿದ್ರು. ಕಾಯಿಲ್ ಎಷ್ಟು ದೊಡ್ಡದಿರ್ಬೇಕು ಅಂತಾನೂ ಹೇಳಿರ್ಬೇಕು. ಆಗ ನಾನು ಕ್ಯಾಂಟೀನಲ್ಲಿದ್ದೆ ಅನ್ಸುತ್ತೆ.

ಸರಿ, ದೊಡ್ಡದಿದ್ರೆ ಒಳ್ಳೇದು ತಾನೇ? ದೊಡ್ಡ ಬಲೆಗೆ ಮೀನು ಜಾಸ್ತಿ. ಹುಳ ಸಾಕೋ ಬಿದಿರು ತಟ್ಟೆಗಳಲ್ಲೇ ದೊಡ್ಡದನ್ನ ಆರಿಸಿ, ಅದರ ಅಂಚಿಗೆ ಇದ್ದಬದ್ದ ತಂತಿ ಸುತ್ತಿ, ತಮಟೆ ಥರ ಕೊರಳಿಗೆ ನೇತು ಹಾಕ್ಕೊಂಡೆ. ಶಿಡ್ಲಘಟ್ಟದಿಂದ ಗೌರಿಬಿದನೂರಿನ ತನಕ ಅಂಥ ಕಾಯಿಲ್ ಇನ್ನೊಂದಿರ್ಲಿಲ್ಲ, ಬೇಕಾದ್ರೆ ಬೆಟ್ ಕಟ್ತೀನಿ. ಬಾಗಿಲಲ್ಲಿ ನೇರ ನುಗ್ಗಕ್ಕಾಗದೆ ಏಡಿ ಥರ ಅಡ್ಡಡ್ಡ ನಡ್ಕೊಂಡು ಅಂಗಳಕ್ಕೆ ಬಂದೆ. ಬೀದಿ ಜನವೆಲ್ಲ ಸೇರಿದ್ರು.

ಶಿಳ್ಳೆ ಶುರುವಾಯ್ತು ನೋಡಿ! ಅಪ್ಪನ ಸೈಕಲ್ ಕಂಡ್ರೆ ಕಿರುಚ್ತು. ಹಸುವಿನ ಸರಪಳಿ ಕಂಡ್ರೆ ಗೋಳಾಡ್ತು. ಚಂದ್ರಿಕೆಗಳ ಮುಂದೆ ಹೋದ್ರೆ ಮಾತ್ರ ಸಾಧುಪ್ರಾಣಿ, ಒಂದೇ ರಾಗ. "ಸರಿಯಾಗಿ ಹಿಡ್ಕೊಳೋ ಮುಂಡೇದೇ" ಅಂತ ಅಜ್ಜಿ ಹತ್ರ ಬಂತು. ಅಜ್ಜಿ ಸೊಂಟದಲ್ಲಿ ಬೀಗದ ಕೈ ಗೊಂಚಲು, ಪಕ್ಕದಲ್ಲೇ ಅಡಕತ್ತರಿ. ಮೆಷಿನ್ ಮೂರು ಬೀದಿಗೆ ಕೇಳೋ ಹಂಗೆ ಕೂಗ್ಕೊಳ್ತು. ಅಜ್ಜಿ ಹಿಂದೆ ಸರಿದ್ರೆ ತಣ್ಣಗಾಗುತ್ತೆ, ಮುಂದೆ ಬಂದ್ರೆ ಕೂಗುತ್ತೆ. ಜನದ ಮಧ್ಯದಿಂದ ಯಾರೋ, "ಸಿಕ್ಬಿಟ್ಳಪ್ಪಾ ಕಳ್ಳಿ!" ಅಂದ್ರು. ಬೀದಿ ಪೂರ್ತಿ ಬಿದ್ದು ಬಿದ್ದು ನಕ್ತು. ಅಜ್ಜಿ ಅಡಕತ್ತರಿ ಎತ್ಕೊಂಡು ನನ್ನ ಹಿಂದೆ, ನಾನು ತಟ್ಟೆ ಸಮೇತ ಹಿಪ್ಪುನೇರಳೆ ತೋಟಕ್ಕೆ.

ಆದ್ರೆ ಎಲ್ಲಾರೂ ನಗಲಿಲ್ಲ. ತೋಟದ ಬೇಲಿ ಆಚೆ ರತ್ನಕ್ಕ ನಿಂತಿದ್ಲು. ನಮ್ಮ ಹೊಸ್ಲು ತುಳಿಯಲ್ಲ ಅಂದಿದ್ಲು, ಬೇಲಿ ತನಕ ಬರಲ್ಲ ಅಂದಿರ್ಲಿಲ್ಲ. "ಸಿಗ್ಲಿಲ್ವೇನಪ್ಪ?" ಅಂದ್ಲು. ಇಲ್ಲ ಅಂದೆ. ತಿರುಗಿ ನಡೆದ್ಲು. ಆ ಬೆನ್ನು ನೋಡಿದ್ಮೇಲೆ ಕೊರಳಿಂದ ತಟ್ಟೆ ಇಳಿಸ್ದೆ.

ಮನೆಗೆ ಬಂದು, ಮೊದಲೇ ಮಾಡ್ಬೇಕಾಗಿದ್ದ ಕೆಲಸ ಮಾಡ್ದೆ. ಅಮ್ಮನ ಇನ್ನೊಂದು ಓಲೆ ಬಿಚ್ಚಿಸಿ ತಟ್ಟೆ ಹತ್ರ ಹಿಡಿದೆ. ಶಿಳ್ಳೆ ಅಲ್ಲಾಡ್ಲಿಲ್ಲ. ಇನ್ನೂ ಹತ್ರ ಹಿಡಿದೆ, ಊಹೂಂ. ಅಷ್ಟಗಲದ ಕಾಯಿಲಿಗೆ ಕಡಲೆಕಾಳಿನಷ್ಟು ಚಿನ್ನ ಅಂದ್ರೆ ಜಾತ್ರೇಲಿ ಇರುವೆ ನಡೆದಂಗೆ! ಸೈಕಲ್ಲೇ ಕಳ್ದಿದ್ರೆ ಆ ತಟ್ಟೆ ರಾಜ. ಕಳ್ದಿರೋದು ಓಲೆ. ಓಲೆಗೆ ತಕ್ಕಂಗೆ ಕಾಯಿಲ್ ಚಿಕ್ಕದಾಗ್ಬೇಕು. ಚಿಕ್ಕದಂದ್ರೆ ಎಷ್ಟು? ಅಮ್ಮನ ಮುಂಗೈಲಿ ಏನೋ ಗಲ್ ಅಂತು. ಬಳೆ!

ಗಾಜಿನ ಬಳೆ ತಂತಿ ಬಿಗಿದ್ರೆ ಒಡೆಯುತ್ತೆ. ಸೈಕಲ್ ಹತ್ತಿ ಶಿಡ್ಲಘಟ್ಟದ ಬಳೆ ಅಂಗಡಿಗೆ ಹೋಗಿ, "ಪ್ಲಾಸ್ಟಿಕ್ ಬಳೆ ಕೊಡಿ" ಅಂದೆ. ಅಂಗಡಿಯವರು ಕನ್ನಡಕದ ಮೇಲಿಂದ ನೋಡಿದ್ರು.

"ಯಾವ ಸೈಜಪ್ಪ? ಎರಡು-ನಾಲ್ಕಾ, ಎರಡು-ಆರಾ?"

"ಎರಡೂ ಕೊಡಿ, ಯಾವುದು ಕೂಗುತ್ತೋ ನೋಡ್ತೀನಿ."

"ಯಾರಿಗೆ ಬಳೆ?"

"ರೇಡಿಯೋಗೆ."

ಅವರು ಇನ್ನೇನೂ ಕೇಳದೆ, ಪಾಪ, ಪೇಪರಲ್ಲಿ ಸುತ್ತಿಕೊಟ್ರು. ನಾನು ಊರು ಸೇರೋದ್ರೊಳಗೆ ನನಗೆ ಹುಡುಗಿ ಗೊತ್ತಾಗಿದೆ ಅನ್ನೋ ಸುದ್ದಿ ಮನೆ ಸೇರಿತ್ತು.

ಚಿಕ್ಕ ಕಾಯಿಲಿಗೆ ಸುತ್ತು ಜಾಸ್ತಿ ಬೇಕು, ಇಲ್ದಿದ್ರೆ ಶಿಳ್ಳೆನೇ ಹುಟ್ಟಲ್ಲ. ತಟ್ಟೆ ತಂತಿನೆಲ್ಲ ಬಿಚ್ಚಿ ಎರಡು-ಆರರ ಬಳೆಗೆ ಸುತ್ತಿದೆ. ತಂತಿ ತುದಿಯ ವಾರ್ನಿಷ್ ಸುಟ್ಟು ಸರ್ಕ್ಯೂಟಿಗೆ ಸೇರಿಸ್ದೆ, ಮನೆ ತುಂಬ ಇದೇ ವಾಸನೆ. ಅಮ್ಮನ ಓಲೆ ಹತ್ರ ಹಿಡಿದೆ. ಕುಯ್ಯ್ ಅಂತಿದ್ದದ್ದು ಕೀಈ ಅಂತ ಮೇಲೇರ್ತು! ಬೆರಳುದ್ದದ ದೂರದಿಂದ ಅಷ್ಟೇ, ಆದ್ರೆ ಏರ್ತು. ಅಮ್ಮ ನನ್ನ ಮುಖ ನೋಡಿದ್ರು. ಆ ನೋಟಕ್ಕೆ ಈಗ್ಲೂ ಫ್ರೇಮ್ ಹಾಕ್ಸಿ ಇಟ್ಕೊಂಡಿದೀನಿ ಮನಸಲ್ಲಿ.

ಮಾರನೇ ದಿನ ಬಿಸಿಲೇರೋ ಹೊತ್ತಿಗೆ ಹುಡುಕೋಕೆ ಶುರು ಮಾಡ್ದೆ. ಚಂದ್ರಿಕೆ ಪೂರಾ ಬಿದಿರು, ಒಂದು ಮೊಳೆ ಇಲ್ಲ, ನನ್ನ ಪುಣ್ಯ. ಬಳೆಯನ್ನ ಕೋಲಿನ ತುದಿಗೆ ಕಟ್ಟಿ, ಗೂಡಿಗೆ ತಾಕದಂಗೆ, ಆ ಚಕ್ಕುಲಿ ಸುತ್ತಿನ ದಾರೀಲೇ ತಿರುಗಿಸ್ತಾ ಹೋದೆ. ಅಜ್ಜಿನ ಬೀಗದ ಕೈ ಸಮೇತ ಹಿತ್ತಲಿಗೆ ಗಡೀಪಾರು ಮಾಡಿದ್ದೆ. ಒಂದು ಚಂದ್ರಿಕೆ ಆಯ್ತು, ಇನ್ನೊಂದಾಯ್ತು. ಕುತ್ತಿಗೆ ಮರಗಟ್ಟೋ ಹೊತ್ತಿಗೆ, ಗೋಡೆ ಪಕ್ಕದ ಚಂದ್ರಿಕೆ ನಡುಸುತ್ತಲ್ಲಿ ಶಿಳ್ಳೆ ಕೀಈ ಅಂತು.

ಬಗ್ಗಿ ನೋಡ್ದೆ. ಹುಳ ಒಂದು ಅರ್ಧ ಗೂಡು ಕಟ್ಟಿತ್ತು. ಗೂಡಿಗೆ ಆಸರೆ ಅಂತ ಸುತ್ತ ಹಾಯಿಸಿದ ಎಳೆಗಳ ನಡುವೆ, ಬೆಳ್ಳಗೆ ಮುಸುಕು ಹೊದ್ಕೊಂಡು ಓಲೆ ಕೂತಿತ್ತು.

ಅಮ್ಮ ಕೈ ಹಾಕೋಕೆ ಹೋದ್ರು. "ಮುಟ್ಬೇಡಮ್ಮ" ಅಂದೆ. ನನ್ನ ಇಡೀ ಆಯಸ್ಸಲ್ಲಿ ಬುದ್ಧಿವಂತರ ಥರ ಮಾತಾಡಿದ್ದು ಅದೊಂದೇ ಸಲ ಇರ್ಬೇಕು. "ನಾವು ತೆಗೆದು ತೋರಿಸಿದ್ರೆ, ರತ್ನಕ್ಕನೇ ಗುಟ್ಟಾಗಿ ವಾಪಸ್ ಕೊಟ್ಳು ಅಂತಾರೆ. ಹುಳ ಸುತ್ತಿರೋ ಎಳೆಯೇ ಸಾಕ್ಷಿ, ಇಲ್ಲೇ ಇರ್ಲಿ. ರತ್ನಕ್ಕನೇ ಬಂದು ತೆಗೀಲಿ."

ಕರೆಯೋಕೆ ಅಜ್ಜಿನೇ ಹೋಯ್ತು. ನಾವು ಯಾರೂ ಕಳಿಸ್ಲಿಲ್ಲ. ಚಂದ್ರಿಕೆ ಹತ್ರ ಬಂದು ಕಣ್ಣಾರೆ ನೋಡ್ತು, ಸೆರಗು ಸರಿ ಮಾಡ್ಕೊಳ್ತು, ಹೋಯ್ತು. ಇಬ್ರೂ ಬಂದಾಗ ಬೀದಿ ಹೆಂಗಸರು ಹಿಂದೇನೇ ಇದ್ರು. ಹೊಸ್ಲು ಮುಂದೆ ರತ್ನಕ್ಕ ನಿಂತ್ಲು. ಅಜ್ಜಿ ಮೆತ್ತಗೆ, "ತಪ್ಪಾಯ್ತು ಕಣಮ್ಮ" ಅಂತು.

"ಅವತ್ತು ತೆಲುಗಲ್ಲಿ ಅಂದ್ರಿ ದೊಡ್ಡಮ್ಮ. ಇವತ್ತೂ ತೆಲುಗಲ್ಲೇ ಹೇಳಿ" ಅಂದ್ಲು ರತ್ನಕ್ಕ.

ಅಜ್ಜಿ ಬೀದಿ ಕಡೆ ಒಂದ್ಸಲ ನೋಡ್ತು. ಆಮೇಲೆ ಎಲ್ಲಾರಿಗೂ ಕೇಳೋ ಹಂಗೆ, "ತಪ್ಪಯಿಪೋಯಿಂದಮ್ಮಾ ರತ್ನಾ" ಅಂತು.

ರತ್ನಕ್ಕ ಒಳಗೆ ಬಂದ್ಲು. ಹುಳಕ್ಕೆ ಒಂಚೂರೂ ತೊಂದರೆ ಆಗದಂಗೆ, ಆ ಬೆರಳಲ್ಲಿ ಎಳೆ ಬಿಡಿಸಿ ಓಲೆ ತೆಗೆದು ಅಮ್ಮನ ಕಿವಿಗೆ ತಾನೇ ಹಾಕಿ ತಿರುಪು ಬಿಗಿದ್ಲು. ನನ್ನ ಕಡೆ ತಿರುಗಿ, "ಗಂಡಸು ಬಳೆ ಹಿಡ್ಕೊಂಡು ಮರ್ಯಾದೆ ಉಳಿಸಿದ್ದು ಇದೇ ಮೊದಲು ನೋಡಪ್ಪ" ಅಂದ್ಲು. ಡಿಪ್ಲೊಮಾ ಸರ್ಟಿಫಿಕೇಟ್ ಆಮೇಲೆ ಬಂತು. ಪಾಸಾಗಿದ್ದು ಮಾತ್ರ ಅವತ್ತೇ.

ಇವತ್ತು ಬೆಳಿಗ್ಗೆ ತಂತಿ ಸುಡ್ತಾ ಇದನ್ನೆಲ್ಲ ನೆನಪು ಮಾಡ್ಕೊಂಡು ಕೂತಿದ್ದಾಗ ಸ್ಕಂದಗಿರಿ ಬೆಟ್ಟದ ಕಡೆಯವನೊಬ್ಬ ಅಂಗಡಿಗೆ ಬಂದ. ಅಕ್ಕಪಕ್ಕ ನೋಡಿ, ಬಾಗಿ, "ಸಾರ್, ಬೆಟ್ಟದ ಬುಡದಲ್ಲಿ ನಿಧಿ ಇದೆಯಂತೆ. ಒಂದು ದೊಡ್ಡ ಕಾಯಿಲ್ ಸುತ್ಕೊಡಿ" ಅಂದ.

"ಕಳ್ಕೊಂಡೋರು ಯಾರು?" ಅಂದೆ.

"ಯಾರೂ ಇಲ್ಲ ಸಾರ್. ನಿಧಿ ಅಂದ್ನಲ್ಲ."

"ಕಳ್ಕೊಂಡೋರೇ ಇಲ್ದಿದ್ರೆ ಅಳತೆ ಯಾರನ್ನ ಕೇಳಿ ತಗೊಳ್ಳಲಪ್ಪ?"

ಅವನು ನನ್ನನ್ನ ಮೇಲಿಂದ ಕೆಳಗೆ ನೋಡ್ದ. "ಹಂಗಾದ್ರೆ ನಿಮಗೆ ಬರಲ್ಲ ಅನ್ನಿ."

"ಬರಲ್ಲ ಕಣಪ್ಪ" ಅಂದೆ. ಬರದೇ ಇರೋದನ್ನೂ ಬರುತ್ತೆ ಅಂತ ಹೇಳ್ಕೊಂಡೇ ಬೆಳೆದೋನು ನಾನು. ಬರೋ ಕೆಲಸವನ್ನ ಬರಲ್ಲ ಅಂದಿದ್ದು, ಅದೂ ಇಷ್ಟು ಜಂಬದಿಂದ ಅಂದಿದ್ದು, ಇವತ್ತೇ ಮೊದಲು.