ಗೇಟಿನ ಪಕ್ಕದ ಕಡಲೆಕಾಯಿ ಅಮ್ಮ

ಕಾಫಿ ಫಿಲ್ಟರಿನ ಮೇಲಿನ ಡಬ್ಬಿಯನ್ನು ಪೇಪರಿನ ಮೇಲೆ ಬೋರಲು ಹಾಕಿ ತಟ್ಟುತ್ತಿದ್ದೆ. ಚರಟ ಬಿಲ್ಲೆಯ ಹಾಗೆ ಒಂದೇ ಮುದ್ದೆಯಾಗಿ ಬಿತ್ತು. ಅದನ್ನು ಬೆರಳಲ್ಲಿ ಪುಡಿ ಮಾಡಿ ಹರಡುತ್ತಿರುವಾಗ ಫೋನು ಬಂತು. ಕೈ ಒರೆಸಿಕೊಳ್ಳದೆಯೇ ಎತ್ತಿದೆ. ಆ ಕಡೆ ಅಂಕಲ್ ಮಗಳು.

"ಆಂಟಿ, ಅಪ್ಪ ಹೋಗ್ಬಿಟ್ರು... ಬೆಳಿಗ್ಗೆ ಏಳ್ಲೇ ಇಲ್ಲ."

ನಿದ್ದೆಯಲ್ಲೇ ಹೋದರಂತೆ. ನರಳಲಿಲ್ಲ, ಆಸ್ಪತ್ರೆ ಅಲೆಯಲಿಲ್ಲ. ಅದೊಂದು ದೇವರ ದಯೆ ಅಂದುಕೊಂಡೆ, ಅವಳಿಗೂ ಅದನ್ನೇ ಹೇಳಿದೆ. ಫೋನಿಟ್ಟ ಮೇಲೆ ನೋಡಿದರೆ ಬೆರಳಿಗೆಲ್ಲ ಚರಟ. ಹಸಿ ಕಾಫಿಯ ಆ ಕಹಿ ವಾಸನೆ ಮೂಗಿಗೆ ಹತ್ತಿತು ನೋಡಿ, ನಾನು ಅಡುಗೆಮನೆಯಲ್ಲಿ ಇರಲಿಲ್ಲ. ಜೀವನ್ ಬಿಮಾ ನಗರದ ನಮ್ಮ ಹಳೇ ಮನೆಯ ತಾರಸಿಯ ಮೇಲಿದ್ದೆ. ಎದುರಿಗೆ ಅಂಕಲ್ ಗರಗಸ ಹಿಡಿದು ಮಂಡಿಯೂರಿದ್ದರು...

ಅವರು ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದವರು. ವಿಮಾ ಕಚೇರಿಯಿಂದ ನಿವೃತ್ತರಾಗಿದ್ದರು. ಹೆಂಡತಿ ಮೊದಲೇ ತೀರಿಕೊಂಡಿದ್ದರು, ಮಗಳು ಲಿಂಗರಾಜಪುರದಲ್ಲಿ ಸಂಸಾರ ಮಾಡಿಕೊಂಡಿದ್ದಳು. ತಾರಸಿಯ ಮೇಲೆ ಒಂದು ಕೋಣೆ ಖಾಲಿ ಬಿದ್ದಿತ್ತು. ಅದನ್ನು ಕೇಳಿಕೊಂಡು ಪಡೆದು, ಅದರೊಳಗೆ ಅವರೊಂದು ರೈಲು ಕಟ್ಟಿದರು. ಆಟದ ರೈಲು ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು.

"ಆಟ ಅಲ್ಲ ಕಣಮ್ಮಾ. ಇದು ನಮ್ಮೂರು."

ನಿಜ, ಅದು ಅವರ ಊರೇ. ಮೇಲ್ಸೇತುವೆ ಬರುವುದಕ್ಕೆ ಮುಂಚಿನ ಲಿಂಗರಾಜಪುರದ ರೈಲ್ವೆ ಗೇಟು, ಹಳಿಯ ಪಕ್ಕದ ವಠಾರ, ಆ ತುದಿಗೆ ಕಲ್ಲಿನ ಪುಟ್ಟ ಸ್ಟೇಷನ್ನು. ಎಂಜಿನ್ನು ಮತ್ತು ಕಂಬಿ ಅಂಗಡಿಯಿಂದ ತಂದವು. ಉಳಿದದ್ದೆಲ್ಲ ನಮ್ಮ ಮನೆಯ ಕಸ. ಒಣಹುಲ್ಲಿಗೆ ತೆಂಗಿನ ನಾರು, ಬೇಲಿಗೆ ಪೊರಕೆ ಕಡ್ಡಿ. ಹಳಿಯ ಜಲ್ಲಿಗೆ ಮೊದಲು ರವೆ ಅಂಟಿಸಿ, ಇರುವೆ ಮುತ್ತಿ, ಆಮೇಲೆ ನನ್ನ ಟೀ ಜರಡಿಯಲ್ಲಿ ಮರಳು ಸೋಸಿಕೊಂಡರು. ಆ ಜರಡಿ ಮತ್ತೆ ಅಡುಗೆಮನೆಗೆ ಬರಲಿಲ್ಲ. ಮಣ್ಣಿಗೆ ಮಾತ್ರ ಕಾಫಿ ಚರಟವೇ ಆಗಬೇಕು. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಕೊಡದಿದ್ದರೆ ಬೂಸಲು ಹಿಡಿಯುತ್ತದೆ ಅಂತ ವಾಪಸ್ ಕಳಿಸುತ್ತಿದ್ದರು. ಒಣಗಿದ ತುಳಸಿ ಕಡ್ಡಿ ಕೇಳಿದಾಗ ಕೊಡಲು ನನಗೆ ಅಳುಕಾಯಿತು. ತಪ್ಪಿದ್ದರೆ ಕ್ಷಮಿಸಪ್ಪ ಅಂತ ದೇವರಿಗೆ ಕೈಮುಗಿದು ಕೊಟ್ಟೆ. ಅದರಲ್ಲಿ ಅವರು ಗೇಟಿನ ಪಕ್ಕದ ಹುಣಸೆ ಮರ ಮಾಡಿದರು. ಸುಳ್ಳು ಹೇಳುವುದಿಲ್ಲ, ಅದರ ಕೆಳಗೆ ಹೋಗಿ ಕೂರೋಣ ಅನ್ನಿಸುವ ಹಾಗಿತ್ತು.

ಆ ಮರದ ಕೆಳಗೆ ಒಬ್ಬಾಕೆ ಕೂತಿದ್ದಳು. ಹುಣಸೆ ಬೀಜದಷ್ಟು ದೊಡ್ಡವಳು. ಕಂದು ಸೀರೆ, ಖಾಲಿ ಹಣೆ, ಮುಂದೆ ಒಂದು ಬುಟ್ಟಿ. ಬುಟ್ಟಿಯೊಳಗೆ ಗಸಗಸೆ ಅಂಟಿಸಿದ್ದರು, ಬೇಯಿಸಿದ ಕಡಲೆಕಾಯಿ ಅಂತ. ಭೂತಗನ್ನಡಿ ಕೊಟ್ಟು ನೋಡು ಅಂದರು. ನೋಡಿದೆ. ಆಕೆ ಕತ್ತೆತ್ತಿ ಹಳಿಯ ಕಡೆ ದಿಟ್ಟಿಸುತ್ತಿದ್ದಳು.

"ನಮ್ಮಮ್ಮ. ಗೇಟು ಬಿದ್ರೆ ನಮಗೆ ಊಟ. ರೈಲು ಲೇಟಾದಷ್ಟೂ ಅಮ್ಮಂಗೆ ಖುಷಿ" ಅಂದು ನಕ್ಕರು. ಅಪ್ಪ ಇಲ್ಲದ ಮನೆಯನ್ನು ಆ ಬುಟ್ಟಿಯೇ ನಡೆಸಿತ್ತಂತೆ. ಆಕೆಯದೊಂದು ಫೋಟೋ ಕೂಡ ಇರಲಿಲ್ಲ. ಇದ್ದದ್ದು ಇದೊಂದೇ.

ಆಮೇಲೆ ನಮ್ಮ ಮನೆ ಒಡೆಸುವ ಮಾತು ಬಂತು. ಗೋಡೆಗಳೆಲ್ಲ ಬಿರುಕು ಬಿಟ್ಟಿದ್ದವು, ಕೆಡವಿ ಹೊಸದಾಗಿ ಕಟ್ಟುವುದು ಅಂತ ನಮ್ಮ ಯಜಮಾನರು ತೀರ್ಮಾನಿಸಿದರು. ನಾವು ಅಷ್ಟು ದಿನ ಕಮ್ಮನಹಳ್ಳಿಯಲ್ಲಿ ಬಾಡಿಗೆಗೆ, ಅಂಕಲ್ ಮಗಳ ಮನೆಗೆ. ಸಾಮಾನು ಹೋಗುತ್ತದೆ, ರೈಲು ಹೇಗೆ ಹೋಗಬೇಕು? ಆಗಲೇ ಎಲ್ಲರಿಗೂ ಗೊತ್ತಾದದ್ದು. ಹಲಗೆಗಳನ್ನು ಒಂದೊಂದಾಗಿ ಒಳಗೆ ತಂದು, ಒಳಗೇ ಜೋಡಿಸಿ, ಮೇಲೆ ಊರು ಕಟ್ಟಿದ್ದರು. ಮಲಗಿಸಿದರೆ ಅದು ಬಾಗಿಲಿಗಿಂತ ಅಗಲ, ನಿಲ್ಲಿಸಿದರೆ ಬಾಗಿಲಿಗಿಂತ ಎತ್ತರ. ಓರೆ ಮಾಡಿದರೆ ಊರೆಲ್ಲ ಉದುರುತ್ತದೆ.

"ಬಾಗ್ಲು ಒಂದು ಸಲ ನೋಡ್ಬಾರ್ದಿತ್ತಾ ಅಂಕಲ್? ಆನೇನ ಬಚ್ಚಲುಮನೇಲಿ ಸಾಕ್ದಂಗಾಯ್ತಲ್ಲ! ಎರಡು ತುಂಡು ಮಾಡ್ಬಿಡಿ" ಅಂದರು ನಮ್ಮವರು.

ಅಂಕಲ್ ಮೆಟ್ಟಿಲು ಹತ್ತಿ ಹೋದರು. ಅವತ್ತಿನಿಂದ ಬೆಳಗಿನ ಕಾಫಿಗೆ ಕೆಳಗೆ ಬರುವುದನ್ನು ನಿಲ್ಲಿಸಿದರು. ನಾನು ಲೋಟ ತೆಗೆದುಕೊಂಡು ಹೋದರೆ ಬಾಗಿಲಲ್ಲೇ ಇಸಿದುಕೊಂಡು, "ತುಂಡು ಮಾಡಲ್ಲಮ್ಮಾ. ಯಜಮಾನ್ರಿಗೆ ಹೇಳು" ಅನ್ನುವರು. ಕೆಳಗೆ ಬಂದರೆ ಇವರು, "ಮನೆ ಕೆಡವೋ ಮೆಷೀನು ಬರೋ ದಿನ ನಾನೇನ್ ರೈಲಿಗೆ ಕಾಯ್ಲಾ?" ಅನ್ನುವರು. ಇಬ್ಬರ ಮಧ್ಯೆ ಸಿಕ್ಕಿ ನನಗೆ ಅನ್ನ ಸೇರುತ್ತಿರಲಿಲ್ಲ. ದೀಪ ಹಚ್ಚಿ ಬೇಡಿಕೊಂಡದ್ದು ಒಂದೇ: ಸ್ವಾಮೀ, ಇಬ್ಬರಿಗೂ ಮಾತು ಮೀರದ ಹಾಗೆ ನೋಡ್ಕೊ.

ಕೊನೆಗೆ ಇವರೇ ಮನಸ್ಸು ಕರಗಿ ಮೇಸ್ತ್ರಿಯ ಹತ್ತಿರ ಮಾತಾಡಿದರು. ಹೇಗೂ ಕೆಡವುವ ಮನೆ, ತಾರಸಿ ಕೋಣೆಯ ಒಂದು ಗೋಡೆಯನ್ನು ಮೊದಲೇ ಒಡೆದು ರೈಲನ್ನು ಹೊರಗೆ ತೆಗೆಯುವುದು. ಮೆಟ್ಟಿಲು ಕಿರಿದು, ಅದರಲ್ಲಿ ತಿರುಗುವುದಿಲ್ಲ. ಹಗ್ಗ ಕಟ್ಟಿ ಮುಂದುಗಡೆಯಿಂದ ಬೀದಿಗೆ ಇಳಿಸುವುದು.

ಆ ದಿನ ಮಧ್ಯಾಹ್ನ ಮೋಡ ಕವಿದಿತ್ತು. ನಮ್ಮ ಸಾಮಾನೆಲ್ಲ ಕಮ್ಮನಹಳ್ಳಿಗೆ ಹೋಗಿ ಮನೆ ಬಣಬಣ ಅನ್ನುತ್ತಿತ್ತು. ಕೊನೆಗೆ ಕೈಯಲ್ಲೇ ಒಯ್ಯಬೇಕೆಂದು ದೇವರ ಸಾಮಾನಿನ ಬುಟ್ಟಿ ಮಾತ್ರ ಇಟ್ಟುಕೊಂಡಿದ್ದೆ. ಗೋಡೆ ಒಡೆದು ಧೂಳು ಅಡಗಿದ ಮೇಲೆ ಅಂಕಲ್ ಒಳಗೆ ಹೋದರು. ಸಣ್ಣ ಚಿಮಟದಲ್ಲಿ ತಮ್ಮ ಅಮ್ಮನನ್ನು ಮರದ ಬುಡದಿಂದ ಬಿಡಿಸಿ, ಅಂಗೈಯಲ್ಲಿಟ್ಟುಕೊಂಡು ನನ್ನ ಹತ್ತಿರ ಬಂದರು.

"ಇವಳನ್ನ ನೀನು ಹಿಡ್ಕೊಮ್ಮಾ. ಬಿದ್ಹೋದ್ರೆ ಸಿಗಲ್ಲ."

ಕೈಯಲ್ಲಿ ಹಿಡಿದು ನಿಂತರೆ ನನ್ನಿಂದಲೇ ಬಿದ್ದೀತು. ಇಡೋಣ ಅಂದರೆ ಮನೆಯಲ್ಲಿ ಒಂದು ಡಬ್ಬಿ ಇಲ್ಲ. ದೇವರ ಬುಟ್ಟಿಯಿಂದ ಕುಂಕುಮದ ಭರಣಿ ತೆಗೆದು, ಕುಂಕುಮವನ್ನು ಪೇಪರಿಗೆ ಸುರಿದು, ಬತ್ತಿಯ ಹತ್ತಿ ಹಾಸಿ ಆಕೆಯನ್ನು ಮಲಗಿಸಿ ಮುಚ್ಚಿದೆ. ಭರಣಿಯನ್ನು ಎದೆಗೆ ಒತ್ತಿಕೊಂಡು ನಿಂತೆ.

ಹಲಗೆಗೆ, ಅದಕ್ಕೆಂದೇ ಮೊದಲೇ ಕೊಟ್ಟಿದ್ದ ನನ್ನ ಹಳೇ ಸೀರೆಗಳನ್ನು ಸುತ್ತಿ, ಮೇಲೆ ಹಗ್ಗ ಬಿಗಿದರು.

"ಏನ್ ಸಾರ್, ಆಟದ ಸಾಮಾನಿಗೆ ಇಷ್ಟೊಂದು ಬಿಲ್ಡಪ್ಪಾ! ನನ್ ಮದುವೇಲೂ ಇಷ್ಟು ಜನ ಇರ್ಲಿಲ್ಲ" ಅಂದ ಮೇಸ್ತ್ರಿ. ಎತ್ತಿ ಪ್ಯಾರಾಪೆಟ್ ಗೋಡೆಯ ಮೇಲಿಟ್ಟರು. ಅರ್ಧ ಒಳಗೆ, ಅರ್ಧ ಹೊರಗೆ. ಕೆಳಗೆ ಇಬ್ಬರು ಕೈ ಚಾಚಿ ನಿಂತಿದ್ದರು. ಮೆಲ್ಲಗೆ ತಳ್ಳಿದರು. ಹಗ್ಗ ಕಿರುಗುಟ್ಟಿತು. ಆಗ ಗಾಳಿ ಬೀಸಿತು ನೋಡಿ... ಇಡೀ ಊರು ಗಾಳಿಯಲ್ಲಿ ತಿರುಗಿ ರಸ್ತೆಯ ಕರೆಂಟ್ ತಂತಿಯ ಕಡೆ ವಾಲಿತು.

ಮೇಸ್ತ್ರಿಯ ತಮ್ಮ, ಹೆಂಡತಿ ಮಕ್ಕಳಿರುವ ಗಂಡಸು, ಯಾರೂ ಹೇಳದೆಯೇ ಕಿಟಕಿ ಮೇಲಿನ ಸಜ್ಜದ ಮೇಲೆ ಇಳಿದುಬಿಟ್ಟ. ಒಂದು ಕೈಯಲ್ಲಿ ಪ್ಯಾರಾಪೆಟ್ಟಿನ ಅಂಚು ಹಿಡಿದು, ಇನ್ನೊಂದರಲ್ಲಿ ಹಲಗೆಯನ್ನು ತನ್ನ ಕಡೆ ಎಳೆಯತೊಡಗಿದ. ತಂತಿಗೂ ಅವನ ಮೊಣಕೈಗೂ ಗೇಣು ಕೂಡ ಇರಲಿಲ್ಲ. ಲೈನ್ ಆಫ್ ಮಾಡಿಸಿದೀನಿ ಅಂತ ಮೇಸ್ತ್ರಿ ಬೆಳಿಗ್ಗೆ ಹೇಳಿದ್ದ. ಆದರೆ ಎದುರು ಮನೆಯಲ್ಲಿ ಮಿಕ್ಸಿ ತಿರುಗುವ ಸದ್ದು ನನಗೆ ಕೇಳಿಸುತ್ತಿತ್ತು.

"ಕರೆಂಟ್ ಇದೆ! ಮಿಕ್ಸಿ ಸದ್ದು ಕೇಳ್ತಿದೆ!" ಅಂತ ಕೂಗಿದೆ. ಮೇಸ್ತ್ರಿಯ ಮುಖ ಬಿಳಿಚಿತು. ಹಗ್ಗ ಹಿಡಿದವರು ಹಾಗೇ ಕಲ್ಲಾದರು. ಬಿಟ್ಟರೆ ಹಲಗೆ ಅವನನ್ನೂ ಎಳೆದುಕೊಂಡು ಹೋಗುತ್ತಿತ್ತು.

ಆಗ ಅಂಕಲ್ ಕಿರುಚಿದರು. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಬಿಡೋ ಅದನ್ನ! ಕೈ ತೆಗಿ! ಮೇಲೆ ಬಾ! ಹೆಚ್ಚು ಕಮ್ಮಿ ಆದ್ರೆ ನಿಮ್ಮನೇಲಿ ಏನಂತ ಹೇಳ್ಲಿ ನಾನು?"

ಅವನು ಕೈ ಬಿಟ್ಟು ಗೋಡೆಗೆ ಒತ್ತಿಕೊಂಡ. ಹಗ್ಗದವರು ಎಳೆದರು. ಹಲಗೆ ಸಜ್ಜಕ್ಕೆ ಒಂದು ಸಲ ಬಡಿದು, ತಂತಿಯಿಂದ ದೂರ ಸರಿದು, ಅಂಗುಲ ಅಂಗುಲವಾಗಿ ಮೇಲೆ ಬಂತು. ಅದರ ಹಿಂದೆ ಅವನೂ ಹತ್ತಿ ಬಂದ, ಮೈಯೆಲ್ಲ ಬೆವರು. ಜೀವ ಉಳಿಯಿತು. ಅದಕ್ಕಿಂತ ದೊಡ್ಡ ದಯೆ ಯಾವುದಿದೆ?

ಅಂಕಲ್ ಸೀರೆಗಳನ್ನು ಬಿಚ್ಚಿ ನೋಡಿದರು. ಬೇಲಿ ಮುರಿದಿತ್ತು, ವಠಾರದ ಒಂದು ಸೂರು ಕಿತ್ತಿತ್ತು. ಮೇಲೆದ್ದು ಮೇಸ್ತ್ರಿಗೆ ಹೇಳಿದರು: "ಗರಗಸ ಕೊಡಪ್ಪ."

"ನಾನ್ ಕುಯ್ದು ಕೊಡ್ತೀನಿ ಸಾರ್."

"ಬೇಡ. ಇದು ನನ್ನ ಕೆಲಸ."

ಸ್ಟೇಷನ್ನಿಗೂ ತಾಗದ ಹಾಗೆ, ಗೇಟಿಗೂ ತಾಗದ ಹಾಗೆ, ನಡುವಿನ ಬರೀ ಮಣ್ಣಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಕುಯ್ಯಲು ಶುರು ಮಾಡಿದಾಗ ಪುಡಿ ಎದ್ದಿತು. ಅಷ್ಟು ಬೆಳಗಿನ ಕಾಫಿಯೆಲ್ಲ ಒಟ್ಟಿಗೇ ವಾಸನೆ ಬಿಟ್ಟ ಹಾಗೆ... ಗರಗಸ ಕಂಬಿಗೆ ತಗುಲಿದಾಗ ಆದ ಸದ್ದಿಗೆ ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟರೆ, ಬೆಳಿಗ್ಗೆಯಿಂದ ಗೊಣಗುತ್ತಿದ್ದ ನಮ್ಮ ಯಜಮಾನರು ಎದುರಿಗೆ ಕೂತು ಹಲಗೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರು. "ನಿಧಾನ ಅಂಕಲ್, ನಿಧಾನ" ಅನ್ನುತ್ತಿದ್ದರು.

ಎರಡು ತುಂಡೂ ಮೆಟ್ಟಿಲಲ್ಲಿ ಸಲೀಸಾಗಿ ಇಳಿದವು. ಅದುವರೆಗೆ ಮಳೆಯೂ ತಡೆದುಕೊಂಡಿತ್ತು.

ಕೆಳಗೆ ಖಾಲಿ ಹಾಲಿನಲ್ಲಿ ಅಂಕಲ್ ಕೈ ಚಾಚಿದರು. ಭರಣಿ ಮುಚ್ಚಳ ತೆಗೆದೆ. ಭರಣಿಯ ಅಂಚಿನಲ್ಲಿ ಉಳಿದಿದ್ದ ಕುಂಕುಮ ಹತ್ತಿಗೆಲ್ಲ ಹತ್ತಿತ್ತು. ಆಕೆಯ ಖಾಲಿ ಹಣೆಯೂ ಕೆಂಪಾಗಿತ್ತು. ಗಂಡನಿಲ್ಲದ ಆಕೆಯನ್ನು ಇದ್ದ ಹಾಗೆಯೇ ಮಾಡಿದ್ದರು ಅವರು, ಒಂದೇ ಕೂದಲಿನ ಕುಂಚದಲ್ಲಿ. ಹಾಳು ಮಾಡಿದೆನಲ್ಲ ಅಂತ ಸೆರಗಿನ ತುದಿ ಹಿಡಿದೆ.

"ಅಂಕಲ್... ಒರೆಸಿಬಿಡ್ತೀನಿ, ತಾಳಿ."

ಅವರು ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. ಊರು ಕುಯ್ಯುವಾಗ ಒದ್ದೆಯಾಗದ ಕಣ್ಣು ಆಗ ಒದ್ದೆಯಾಯಿತು.

"ಇರ್ಲಿ ಬಿಡಮ್ಮಾ. ಚೆನ್ನಾಗ್ ಕಾಣ್ತಾಳೆ."

ಮಗಳ ಮನೆಯಲ್ಲಿ ಅರ್ಧಕ್ಕೆ ಮಾತ್ರ ಜಾಗ. ಎಂಜಿನ್ನು, ಸ್ವಿಚ್ಚು ಎಲ್ಲ ಇದ್ದ ಸ್ಟೇಷನ್ನಿನ ಅರ್ಧವನ್ನು ಅವರು ಒಯ್ದರು. ಗೇಟು, ಮರ, ಅಮ್ಮ ಇದ್ದ ಅರ್ಧ ನಮ್ಮ ಜೊತೆ ಕಮ್ಮನಹಳ್ಳಿಗೆ ಹೋಗಿ, ಹೊಸ ಮನೆಯಾದ ಮೇಲೆ ವಾಪಸ್ ಬಂದು, ದೇವರ ಕೋಣೆಯ ಪಕ್ಕದ ಕಟ್ಟೆಯ ಮೇಲೆ ಕೂತಿತು. "ಅಮ್ಮ ನಿಮ್ಮನೇಲಿರ್ಲಿ, ದೀಪ ಹಚ್ತೀಯಲ್ಲ" ಅಂದಿದ್ದರು. ಬಂದಾಗಲೆಲ್ಲ ಭೂತಗನ್ನಡಿ ತೆಗೆದು ಮೊದಲು ಹಣೆ ನೋಡುವರು, ಆಮೇಲೆ ಕಾಫಿ. ಮೊನ್ನೆ ಮೊನ್ನೆ ಫೋನ್ ಮಾಡಿದ್ದರು. "ಚರಟ ಒಣಗಿಸಿಡಮ್ಮಾ. ಅಳಿಯ ಹೊಸ ಮನೆ ಮಾಡ್ದ, ಜಾಗ ಇದೆ. ಎರಡನ್ನೂ ಸೇರಿಸ್ಬಿಡೋಣ. ಸಂದಿಗೆ ಮಣ್ಣು ಬೇಕು." ಅದಕ್ಕೇ ನಾನು ಇವತ್ತೂ ಫಿಲ್ಟರ್ ತಟ್ಟುತ್ತಿದ್ದದ್ದು.

ಹೋಗಿ ಮುಖ ನೋಡಿ ಬಂದೆವು. ಅವರ ಕೋಣೆಯಲ್ಲಿ ಗೋಡೆಗೆ ಒತ್ತಿ ಸ್ಟೇಷನ್ನಿತ್ತು. ಪಕ್ಕದಲ್ಲಿ ನೆಲದ ಮೇಲೆ ಅಷ್ಟೇ ಅಗಲದ ಜಾಗವನ್ನು ಗುಡಿಸಿ ಖಾಲಿ ಬಿಟ್ಟಿದ್ದರು. ಮಗಳು ನನ್ನ ಕೈ ಹಿಡಿದು, "ಇದನ್ನೂ ನೀವೇ ತಗೊಂಡೋಗಿ ಆಂಟಿ, ಅಜ್ಜಿ ಹತ್ರ ಇರ್ಲಿ" ಅಂದಳು. ನಮ್ಮ ಯಜಮಾನರು ಮನೆಗೆ ಬಂದವರೇ ಟೇಪು ಹುಡುಕಿ ನಮ್ಮ ಬಾಗಿಲು ಅಳೆದರು.

ನಮಗೆ ಸೂತಕವಿಲ್ಲ, ಅವರು ರಕ್ತಸಂಬಂಧವಲ್ಲ. ಆದರೂ ನಾನು ತಲೆಗೆ ನೀರು ಹಾಕಿಕೊಂಡೆ. ದೀಪ ಹಚ್ಚಿ ಕಟ್ಟೆಯ ಹತ್ತಿರ ಬಂದರೆ, ಆಕೆ ಹಾಗೇ ಕತ್ತೆತ್ತಿ ಹಳಿ ನೋಡುತ್ತಿದ್ದಳು. ಹಲಗೆ ಕುಯ್ದ ಅಂಚಿನಿಂದಾಚೆ ಹಳಿಯೇ ಇಲ್ಲ. ಎರಡನ್ನೂ ಪಕ್ಕಪಕ್ಕ ಇಡಬಹುದು, ಸಂದಿಗೆ ಮಣ್ಣು ತುಂಬಬಹುದು. ಕಂಬಿ ಕೂಡಿಸಿ ರೈಲು ಓಡಿಸಲು ಬರುತ್ತಿದ್ದವರು ಹೋದರು...

ಅಡುಗೆಮನೆಯಲ್ಲಿ ಚರಟ ಅರ್ಧ ಹರಡಿದ್ದು ಹಾಗೇ ಇತ್ತು. ತುಳಸಿ ಬುಡಕ್ಕೆ ಹಾಕೋಣ ಅಂತ ಪೇಪರ್ ಎತ್ತಿದವಳು ಮತ್ತೆ ಕೆಳಗಿಟ್ಟೆ. ಉಳಿದದ್ದನ್ನೂ ತೆಳ್ಳಗೆ ಹರಡಿ, ಕಿಟಕಿಯ ಬಿಸಿಲಿಗೆ ಸರಿಸಿ, ಹಾರದ ಹಾಗೆ ಮೂಲೆಗೆ ಲೋಟಗಳನ್ನಿಟ್ಟು, ಸಾರಿಗೆ ಬೇಳೆ ತೊಳೆಯಲು ಹೋದೆ.