ಸಕ್ಕರಿಯ ಕಾಲಿನ ಲಾಳ

ಹುಬ್ಬಳ್ಳಿಯಲ್ಲಿ ಮೋಟಾರಿಗಿಂತ ಕುದುರೆಗೆ ಹೆಚ್ಚು ಮರ್ಯಾದೆ ಇದ್ದ ದಿನಗಳವು. ಮೋಟಾರು ಬಂದಿರಲಿಲ್ಲವೆಂದಲ್ಲ. ಬಂದಿದ್ದವು, ಧಾರವಾಡದ ರಸ್ತೆಯಲ್ಲಿ ಧೂಳೆಬ್ಬಿಸಿ ಹೋಗಿ ಅರ್ಧ ದಾರಿಯಲ್ಲಿ ಕೆಟ್ಟು ನಿಲ್ಲುತ್ತಿದ್ದವು. ಆಗ ಅವುಗಳೊಳಗಿನ ದೊಡ್ಡ ಮನುಷ್ಯರನ್ನು ಕರೆತರಲು ಹಳೇ ಹುಬ್ಬಳ್ಳಿಯ ಟಾಂಗಾಗಳೇ ಹೋಗಬೇಕಾಗುತ್ತಿತ್ತು. ಮೋಟಾರಿನ ಸಾಹೇಬರು ಟಾಂಗಾದಲ್ಲಿ ಮುಖ ಗಂಟಿಕ್ಕಿಕೊಂಡು ಬರುವುದನ್ನು ನೋಡಲು ನಾವು ಹುಡುಗರೆಲ್ಲ ಓಣಿಯ ಬಾಯಿಗೆ ಓಡುತ್ತಿದ್ದೆವು.

ನಮ್ಮಪ್ಪ ಈರಪ್ಪ ಕಂಬಾರ. ಎತ್ತಿಗೂ ಕುದುರೆಗೂ ಲಾಳ ಬಡಿಯುವುದು ಅವನ ಕಸುಬು. ನಮ್ಮ ಕಡೆಯ ಮಾತಿನಲ್ಲಿ ಅದು ನಾಲ. ಕಾದ ಲಾಳವನ್ನು ಗೊರಸಿಗೆ ಹಿಡಿದಾಗ ಕೂದಲು ಸುಟ್ಟಂಥ ಕಮಟು ಹೊಗೆ ಏಳುತ್ತಿತ್ತು. ಎದುರಿಗೇ ಭರಮಪ್ಪ ಕಾಕಾನ ಚುರಮರಿ ಬಟ್ಟಿ. ಅಲ್ಲಿಂದ ಬಿಸಿ ಉಸುಕಿನಲ್ಲಿ ಅಕ್ಕಿ ಅರಳುವ ವಾಸನೆ. ಎರಡನ್ನೂ ಒಟ್ಟಿಗೆ ಮೂಸಿ ಬೆಳೆದವಳು ನಾನು. ಮದುವೆಯಾಗಿ ಬಂದ ಹೊಸದರಲ್ಲಿ ಗಂಡನ ಮನೆಯ ಗಾಳಿ ಉಪ್ಪಿಲ್ಲದ ಸಾರಿನಂತೆ ಸಪ್ಪಗೆ ಅನ್ನಿಸುತ್ತಿತ್ತು.

ಇಡೀ ಓಣಿಯ ಕಣ್ಮಣಿ ಮಕ್ತುಮಸಾಬ. ವಾರವೆಲ್ಲ ಟೇಶನ್ನಿನಿಂದ ಬಾಡಿಗೆ ಹೊಡೆಯುವ ಸಾದಾ ಟಾಂಗಾದವನು. ಆದರೆ ಟಾಂಗಾ ಶರ್ಯತ್ತಿನ ದಿನ ಅವನೇ ರಾಜ. ಅಮರಗೋಳದ ಹುಣಸೆಮರದಿಂದ ಉಣಕಲ್ ಕೆರೆಯ ಏರಿಯ ತನಕ ಓಟ. ಅವನ ಬಿಳಿ ಕುದುರೆ ಸಕ್ಕರಿ ಕಿವಿ ಹಿಂದಕ್ಕೆ ಮಲಗಿಸಿ ಬರುತ್ತಿದ್ದರೆ, ಮಕ್ತುಮಸಾಬ ಚಾಟಿ ಎತ್ತುತ್ತಲೇ ಇರಲಿಲ್ಲ. ಬಾಯಲ್ಲಿ ಮಾತ್ರ ಏನೋ ಗುಣುಗುಣು ಅನ್ನುತ್ತಿದ್ದ. ನಾವು ಹುಡುಗಿಯರು ಹಗ್ಗ ಕಟ್ಟಿಕೊಂಡು ಕುದುರೆಯಾಟ ಆಡುವಾಗ ಎಲ್ಲರಿಗೂ ಸಕ್ಕರಿಯೇ ಆಗಬೇಕು. ಎದುರಾಳಿ ಕುದುರೆಯಾಗಲು ಒಬ್ಬಳೂ ಒಪ್ಪದೆ ಆಟವೇ ಕೆಟ್ಟು ಹೋಗುತ್ತಿತ್ತು.

ಅವನ ಅಭಿಮಾನಿಗಳ ಪೈಕಿ ಭರಮಪ್ಪ ಕಾಕಾನದು ಒಂದು ಕೈ ಮೇಲು. ಮಕ್ತುಮಸಾಬ ಗೆದ್ದ ದಿನ ಬಂದವರಿಗೆಲ್ಲ ಬೊಗಸೆ ಬೊಗಸೆ ಚುರಮರಿ ಪುಕ್ಕಟೆ. ಹೆಂಡತಿ ಗಂಗವ್ವ ಕಾಕು ಬೈಯುತ್ತಲೇ ಉಳ್ಳಾಗಡ್ಡಿ ಹೆಚ್ಚಿ ಕೊಡುತ್ತಿದ್ದಳು. ಇನ್ನೊಂದು ರೂಢಿ ಇತ್ತು. ಗೆದ್ದ ಕುದುರೆಯ ಹಳೆಯ ಲಾಳವನ್ನು ಬಾಗಿಲಿಗೆ ಬಡಿದರೆ ಮನೆಗೆ ಪೀಡೆ ತಟ್ಟುವುದಿಲ್ಲ ಎಂದು ಮಂದಿ ನಂಬಿದ್ದರು. ಅಪ್ಪ ಸಕ್ಕರಿಯ ಲಾಳ ಬದಲಿಸುವ ದಿನ ನಮ್ಮ ಅಂಗಳದಲ್ಲಿ ತೆಗೆದ ಲಾಳಕ್ಕಾಗಿ ದೊಡ್ಡವರೇ ಜಗಳಾಡುತ್ತಿದ್ದರು.

ಆ ವರ್ಷ ರಂಗಪಂಚಮಿಯ ಮರುದಿನ ಶರ್ಯತ್ತು ಗೊತ್ತಾಗಿತ್ತು. ರಂಗಪಂಚಮಿಯ ಸಂಜೆ, ಓಣಿಯೆಲ್ಲ ಬಣ್ಣದ ರಾಡಿಯಾಗಿರುವಾಗ, ಮಕ್ತುಮಸಾಬ ಸಕ್ಕರಿಯನ್ನು ಕರೆದುಕೊಂಡು ಬಂದ. ನಾನು ಕುಲುಮೆಯ ತಿದಿ ಒತ್ತುತ್ತಿದ್ದೆ. ಅಪ್ಪ ಮುಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಸು ಹೆರೆದವನು, ಹೆರೆಯುವುದನ್ನು ನಿಲ್ಲಿಸಿ ಬೆರಳಿನಿಂದ ಸವರಿ ನೋಡಿದ.

"ಮಕ್ತುಮಾ, ಗೊರಸು ಸೀಳು ಬಿಟ್ಟೈತಿ. ಒಳಗ ಹೋಗೈತಿ ಇದು. ಹೊಸಾ ಗೊರಸು ಬೆಳದ ಬರೂ ತನಕ ಬರೇ ನಡಸು. ನಾಳಿ ಓಡಸಬ್ಯಾಡ."

ಮಕ್ತುಮಸಾಬ ನಕ್ಕ. ಅಪ್ಪ ನಗಲಿಲ್ಲ. ಆಮೇಲೆ ಅವನೂ ನಗು ನಿಲ್ಲಿಸಿದ.

"ಈರಣ್ಣಾ, ನಾಳಿ ಧಾರವಾಡದಿಂದ ಸೈತ ಮಂದಿ ಬರಾಕತ್ತೈತಿ. ಭರಮಪ್ಪ ಬಟ್ಟಿ ಆರಿಸಿ ಬರ್ತಾನಂತ. ನನ್ನ ಸಲುವಾಗಿ ಬರೂ ಮಂದಿಗೆ ನಾ ಹ್ಯಾಂಗ ಬ್ಯಾಡ ಅನ್ಲಿ?"

"ಹಂಗಂದ್ರ ನಾ ನಾಲ ಬಡಿಯೂದಿಲ್ಲ."

"ನೀ ಬಡೀಲಿಲ್ಲಂದ್ರ ಬ್ಯಾರೆಯವರ ಕಡೆ ಹೋಗತೇನಿ. ಅವರ ಮೊಳಿ ಮ್ಯಾಲ ನನಗ ನಂಬಿಗಿ ಇಲ್ಲ. ನೀನ ಹೇಳು, ಏನ ಮಾಡ್ಲಿ?"

ಅಪ್ಪ ಸೀಳನ್ನು ಮತ್ತೊಮ್ಮೆ ಬೆರಳಿನಿಂದ ಅಳೆದು ನೋಡಿದ. ಕಡೆಗೆ ಸೀಳು ತಪ್ಪಿಸಿ, ಮೊಳೆಗೊಂದು ಉಸಿರು ಬಿಗಿಹಿಡಿದು, ಲಾಳ ಬಡಿದ. ಅಷ್ಟು ನಿಧಾನವಾಗಿ ಅವನು ಕೆಲಸ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಮರುದಿನ ಉಣಕಲ್ ಕೆರೆಯ ಏರಿಯ ಮೇಲೆ ಇರುವೆ ನುಸುಳಲು ಜಾಗವಿಲ್ಲದಷ್ಟು ಮಂದಿ. ನಾನು ಅಪ್ಪನ ಹೆಗಲ ಮೇಲಿದ್ದೆ. ಅವನ ತಲೆಗೂದಲಿನಲ್ಲಿ ಹಿಂದಿನ ದಿನದ ಗುಲಾಲು ಇನ್ನೂ ಇತ್ತು. ದೂರದಲ್ಲಿ ಧೂಳು ಕಂಡಿತು, ಕೂಗು ಎದ್ದಿತು. ಧೂಳಿನಿಂದ ಹೊರಬಿದ್ದ ಕುದುರೆ ಬಿಳಿಯದಲ್ಲ. ಕಂದು. ಅದರ ಟಾಂಗಾದವನು ಗೆದ್ದೆನೆಂದು ಕೈಯೆತ್ತಲಿಲ್ಲ. ಎದ್ದು ನಿಂತು ಲಗಾಮು ಜಗ್ಗುತ್ತ, ಹಿಂದಕ್ಕೆ ಕೈ ತೋರಿಸುತ್ತ ಏನೋ ಒದರುತ್ತಿದ್ದ. ಕೂಗು ತಟ್ಟನೆ ನಿಂತಿತು. ನನ್ನ ಕಾಲು ಹಿಡಿದಿದ್ದ ಅಪ್ಪನ ಕೈ ಎಷ್ಟು ಬಿಗಿಯಾಯಿತೆಂದರೆ ನಾನು ಅತ್ತುಬಿಟ್ಟೆ.

ಅಮರಗೋಳದಿಂದ ಈಚೆ, ರಸ್ತೆ ಹೊರಳುವಲ್ಲಿ ಸಕ್ಕರಿ ಮುಗ್ಗರಿಸಿ ಟಾಂಗಾ ಮಗುಚಿತ್ತು. ಮಕ್ತುಮಸಾಬ ಅಲ್ಲೇ ಹೋಗಿಬಿಟ್ಟಿದ್ದ. ಕಾಲು ಮುರಿದ ಸಕ್ಕರಿಯನ್ನು ದನದ ದವಾಖಾನೆಯವರು ಬಂದು ಅಲ್ಲೇ ಗುಂಡು ಹೊಡೆದು ಹೊಲದಲ್ಲಿ ಹೂಳಿಸಿದರು.

ಅವನನ್ನು ಮಣ್ಣಿಗೆ ಒಯ್ಯುವಾಗ ಹಿಂದೂ ಮುಸಲ್ಮಾನ ಅನ್ನದೆ ಊರೇ ನಡೆಯಿತು. ಒಬ್ಬರ ಮುಖದ ಬಣ್ಣವೂ ಪೂರಾ ಹೋಗಿರಲಿಲ್ಲ. ಕಿವಿಯ ಹಿಂದೆ, ಉಗುರಿನ ಸಂದಿಯಲ್ಲಿ ಹಸಿರು, ಕೆಂಪು. ಹಬ್ಬದ ಬಣ್ಣ ಹೊತ್ತ ಮಂದಿ ಹಾಗೆ ಎದೆ ಬಡಿದುಕೊಂಡು ಅಳುವುದನ್ನು ನೋಡಿ ನನಗೆ ಹೆದರಿಕೆಯಾಯಿತು. ಭರಮಪ್ಪ ಕಾಕಾನ ಬಟ್ಟಿ ತಣ್ಣಗಾಯಿತು. ಓಣಿಯಲ್ಲಿ ಚುರಮರಿಯ ವಾಸನೆ ಇಲ್ಲದ ದಿನಗಳನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಮಾತು ಹುಟ್ಟಿತು. ಸತ್ತ ಸಕ್ಕರಿಯ ಮುಂಗಾಲಿನಲ್ಲಿ ಲಾಳ ಇರಲಿಲ್ಲವಂತೆ. ಈರಪ್ಪ ಬಡಿದ ಲಾಳ ಓಟದ ನಡುವೆ ಕಳಚಿತಂತೆ. ಎದುರಿನವರ ಕಡೆ ಸೇರಿ ಬೇಕೆಂದೇ ಮೊಳೆ ಸಡಿಲ ಬಿಟ್ಟಿದ್ದನಂತೆ. ಅಂತೆಕಂತೆಗಳ ಸಂತೆಗೆ ಬಾಗಿಲೆಲ್ಲಿ? ನಮ್ಮ ಅಂಗಳಕ್ಕೆ ಕುದುರೆ ಬರುವುದು ನಿಂತಿತು. ಟಾಂಗಾದವರು ಮುಖ ಆಚೆ ತಿರುಗಿಸಿ ಹೋಗುತ್ತಿದ್ದರು. ಬಾವಿಕಟ್ಟೆಯಲ್ಲಿ ಅವ್ವ ಕೊಡ ಇಳಿಸಿದರೆ ಉಳಿದವರ ಮಾತು ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ನಮ್ಮ ತಗಡಿನ ಮೇಲೆ ಕಲ್ಲು ಬಿತ್ತು. ಅಪ್ಪ ಹೊರಗೆ ಹೋಗಿ ಆ ಕಲ್ಲನ್ನು ಎತ್ತಿ ಬದಿಗಿಟ್ಟು ಬಂದ, ಅಷ್ಟೆ.

ಅವ್ವ ತಡೆಯಲಾರದೆ ಕೇಳಿದಳು. "ಇದ್ದದ್ದ ಇದ್ದಂಗ ಹೇಳಿಬಿಡ್ರಲಾ. ಓಡಸಬ್ಯಾಡ ಅಂತ ನೀವು ಹೇಳಿರಿಲ್ಲೋ?"

"ಏನಂತ ಹೇಳ್ಲಿ? ಸತ್ತಾಂವಂದ ತಪ್ಪು ಅಂತ ಹೇಳ್ಲೇನು? ಮಣ್ಣ ಇನ್ನಾ ಹಸಿ ಐತಿ." ನನ್ನ ಕಡೆ ತಿರುಗಿ, "ಶಾಂತಾ, ಆವತ್ತ ನೀ ಏನೂ ಕೇಳಿಲ್ಲ, ತಿಳೀತಿಲ್ಲೋ?" ಅಂದ.

ತಿಳಿಯಿತು. ಒಂದು ಮಾತು ಅಂದರೆ ಅಪ್ಪನ ಹೆಸರು ಉಳಿಯುತ್ತದೆ, ಅದೇ ಮಾತಿಗೆ ಮಕ್ತುಮಸಾಬನ ಹೆಸರು ಹೋಗುತ್ತದೆ. ನನಗೆ ಇಬ್ಬರೂ ಬೇಕಾಗಿದ್ದರು.

ಕೆಲವು ದಿನಗಳಲ್ಲಿ ಭರಮಪ್ಪ ಕಾಕಾ ಹೇಳಿಕಳಿಸಿದ. ಬಟ್ಟಿಯ ಮುಂದೆ ಎಲ್ಲರೂ ಸೇರುತ್ತಾರೆ, ಈರಪ್ಪ ಬಂದು ನಾಲ್ಕು ಮಂದಿಯ ಎದುರು ಆಣೆ ಮಾಡಬೇಕು, ಇಲ್ಲವಾದರೆ ಓಣಿ ಬಿಡಬೇಕು. ಅಪ್ಪ ಅಂಗಿ ಹಾಕಿಕೊಂಡು ಹೊರಟ. ಬೇಡವೆಂದರೂ ಕೇಳದೆ ನಾನು ಅವನ ಧೋತರ ಹಿಡಿದುಕೊಂಡು ಹೋದೆ.

ಹೋಗುವಷ್ಟರಲ್ಲಿ ಮಂದಿ ನೆರೆದಿತ್ತು. ಒಂದು ಮೂಲೆಯಲ್ಲಿ ಮಕ್ತುಮಸಾಬನ ಮುದಿ ತಾಯಿ ಹುಸೇನಬಿ ಅಜ್ಜಿ ಗೋಡೆಗೊರಗಿ ಕೂತಿದ್ದಳು. ಭರಮಪ್ಪ ಕಾಕಾನ ಕಣ್ಣು ಕೆಂಡವಾಗಿದ್ದವು. ಗಡ್ಡ ಬೆಳೆದಿತ್ತು. ನಮ್ಮನೆಯಲ್ಲೇ ಎಷ್ಟೋ ಸಲ ರೊಟ್ಟಿ ತಿಂದ ಮನುಷ್ಯ, ಅಪ್ಪನನ್ನು ಕೂಡು ಅನ್ನಲಿಲ್ಲ.

"ನಾಲ ಗಟ್ಟಿ ಬಡದಿದ್ಯೋ ಇಲ್ಲೋ? ಹೇಳು."

"ಬಡದಿದ್ನಿ."

"ಮತ್ತ ಹ್ಯಾಂಗ ಕಳಚಿತು?"

ಅಪ್ಪ ಹುಸೇನಬಿ ಅಜ್ಜಿಯ ಕಡೆ ನೋಡಿದ. ಗದ್ದಲ ಎದ್ದಿತು. ಯಾರೋ ಮುಂದೆ ನುಗ್ಗಿದರು, ಇನ್ಯಾರೋ ಹಿಡಿದರು. ನಾನು ಅಪ್ಪನ ಹಿಂದೆ ಅಡಗುವುದನ್ನು ನೋಡಿ ಗಂಗವ್ವ ಕಾಕು, "ಇತ್ತ ಬಾ ನನ್ನವ್ವಾ, ನೀರು ಕುಡಿ," ಎಂದು ಒಳಗೆ ಕರೆದೊಯ್ದಳು. ಕೂಸಿನ ಮೇಲೆ ಅವಳಿಗೆ ಯಾವ ಸಿಟ್ಟೂ ಇರಲಿಲ್ಲ.

ತಂಬಿಗೆ ಎತ್ತಿ ಕುಡಿಯುವಾಗ ಮೇಲೆ ನೋಡಿದೆ. ದೇವರ ಕೋಣೆಯ ಬಾಗಿಲ ಮೇಲೆ, ಹೊರಗಿನ ಕಣ್ಣಿಗೆ ಬೀಳದ ಕತ್ತಲಲ್ಲಿ, ಚೆಂಡುಹೂವಿನ ಸರ ಹಾಕಿದ ಲಾಳ. ಹೊಸದು. ಅದಕ್ಕೆ ಅಂಟಿಕೊಂಡೇ ಏನೋ ದಪ್ಪನೆಯದು, ಅದಕ್ಕೂ ಅರಿಶಿನದ ಭಂಡಾರ ಹಚ್ಚಿದ್ದರು. ಕಂಬಾರನ ಮಗಳಿಗೆ ಅಪ್ಪನ ಕೈಕೆಲಸ ತಿಳಿಯದೇ?

"ಅಪ್ಪಾ! ಸಕ್ಕರಿ ನಾಲ ಇಲ್ಲೈತಿ!"

ಹೊರಗೆ ಗದ್ದಲ ನಿಂತಿತು. ಭರಮಪ್ಪ ಕಾಕಾ ಓಡಿಬಂದು ಬಾಗಿಲಿಗೆ ಅಡ್ಡ ನಿಂತ. ಅವನ ಮುಖದಲ್ಲಿ ಕಳ್ಳತನ ಇರಲಿಲ್ಲ, ಬರೀ ದುಃಖ ಇತ್ತು.

"ಹೌದು, ನಾ ತಂದೇನಿ. ಹೊರಳಿನ್ಯಾಗ ನಿಂತಾಂವ ನಾ. ಮೊದಲ ಓಡಿದಾಂವ ನಾ. ಧೂಳಾಗ ಬಿದ್ದಿತ್ತು. ಅಂವಂದು ಅಂತ ನನಗ ಇದೊಂದರೆ ಇರಲಿ ಅಂತ ತಂದೆ. ಹೇಳಿದ್ರ ಎಲ್ಲಾರೂ ಕೇಳ್ತಾರಂತ ಹೇಳಲಿಲ್ಲ."

"ಒಂದ ಸಲ ಕೊಡು, ಭರಮಪ್ಪಾ. ನೋಡಿ ಕೊಡ್ತೇನಿ," ಅಂದ ಅಪ್ಪ.

"ನಿನ್ನ ಕೈ ಹಚ್ಚಬ್ಯಾಡ ಅದಕ್ಕ!"

ಆಗ ಹುಸೇನಬಿ ಅಜ್ಜಿ ಗೋಡೆ ಹಿಡಿದು ಎದ್ದಳು. ನಿಧಾನವಾಗಿ ಬಂದು ಭರಮಪ್ಪ ಕಾಕಾನ ಮುಂದೆ ಸೆರಗೊಡ್ಡಿದಳು.

"ನನ್ನ ಮಗನ ಕುದರಿ ನಾಲ ಅದು. ನನಗ ಕೊಡಪಾ."

ಅವಳಿಗೆ ಇಲ್ಲವೆನ್ನುವ ಎದೆ ಯಾರಿಗಿದೆ? ಕಾಕಾ ಇಳಿಸಿ ಸೆರಗಿನಲ್ಲಿ ಹಾಕಿದ. ಅಜ್ಜಿ ಅದನ್ನು ನೇರ ನಮ್ಮಪ್ಪನ ಕೈಗೆ ಕೊಟ್ಟಳು.

ಅಪ್ಪ ಹೂವಿನ ಸರ ತೆಗೆದು, ಲಾಳ ತಿರುಗಿಸಿ, ಎಲ್ಲರಿಗೂ ಕಾಣುವಂತೆ ಹಿಡಿದ. ಒಂದು ಮೊಳೆಯೂ ಬಿಟ್ಟಿರಲಿಲ್ಲ. ಬಾಗಿಸಿದ ತುದಿಗಳು ಬಾಗಿದಂತೆಯೇ ಇದ್ದವು, ಅವುಗಳ ಬಿಗಿಯಲ್ಲಿ ಗೊರಸಿನ ದಪ್ಪ ತುಂಡು.

"ಮೊಳಿ ಬಿಟ್ಟಿಲ್ಲ, ನೋಡ್ರಿ. ಗೊರಸ ಹರಕೊಂಡು ಬಂದೈತಿ."

ಹಿಂದೆ ನಿಂತಿದ್ದ ಟಾಂಗಾದವರು ಮುಂದೆ ಬಂದು ಬಗ್ಗಿ ನೋಡಿದರು. ಒಬ್ಬೊಬ್ಬರೇ ತಲೆ ತಗ್ಗಿಸಿದರು. ಭರಮಪ್ಪ ಕಾಕಾ ಬಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತ. ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ಅಷ್ಟರಲ್ಲಿ ಅವನು ಮುಖವೆತ್ತಿ ಕೇಳಿದ, ಈ ಸಲ ಸಿಟ್ಟಿನಿಂದಲ್ಲ.

"ಹಂಗಾದ್ರ ಗೊರಸು ಯಾಕ ಹರೀತೋ, ಈರಪ್ಪಾ?"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಆ ಮಂದಿಯನ್ನು ನೋಡುತ್ತಿದ್ದ. ನಿಮ್ಮ ಸಲುವಾಗಿ ಓಡಿಸಿದ, ನೀವು ಬರುತ್ತೀರೆಂದು ಓಡಿಸಿದ ಎಂದು ಹೇಳಿದ್ದರೆ ಸುಳ್ಳೇನೂ ಆಗುತ್ತಿರಲಿಲ್ಲ. ಕಲ್ಲೆಸೆದವರು ಅಲ್ಲೇ ಇದ್ದರು. ಹೇಳಲಿ, ಹೇಳಿಬಿಡಲಿ ಎಂದು ನಾನು ಅವನ ಧೋತರ ಜಗ್ಗಿದೆ.

"ಕಲ್ಲಿಗೆ ಬಡದಿರಬೇಕು," ಅಂದ ಅಪ್ಪ. "ರಸ್ತಾ ಛಲೋ ಇಲ್ಲ ಅಲ್ಲೆ."

ಹೊರಡುವಾಗ ಹುಸೇನಬಿ ಅಜ್ಜಿ ಅವನ ಮುಂಗೈ ಹಿಡಿದಳು. ನಾನು ನಡುವೆ ಇದ್ದದ್ದರಿಂದ ನನಗೂ ಕೇಳಿಸಿತು. "ನೀ ಬ್ಯಾಡ ಅಂದದ್ದು, ಅಂವ ಮುಂಜಾನೆ ನನಗ ಹೇಳೇ ಹೋಗಿದ್ದ, ಈರಪ್ಪಾ." ಆಮೇಲೆ ಕೈ ಬಿಟ್ಟಳು.

ಕುದುರೆಗಳು ಮತ್ತೆ ನಮ್ಮ ಅಂಗಳಕ್ಕೆ ಬಂದವು. ಆದರೆ ಬಟ್ಟಿ ಮಾತ್ರ ಮುಂಜಾನೆ ತಡವಾಗಿ ಹೊತ್ತತೊಡಗಿತು. ಭರಮಪ್ಪ ಕಾಕಾ ಬೆಳಕು ಹರಿಯುವಾಗ ಬುಟ್ಟಿ ಹಿಡಿದು ಅಮರಗೋಳದ ಕಡೆ ಹೋಗುತ್ತಾನೆಂದು ಗಂಗವ್ವ ಕಾಕು ಅವ್ವನ ಮುಂದೆ ಅತ್ತಳು. ಆ ಹೊರಳಿನಲ್ಲಿ ಕೂತು ರಸ್ತೆಯ ಕಲ್ಲು ಆರಿಸುತ್ತಾನಂತೆ. ದೊಡ್ಡದು, ಸಣ್ಣದು ಅನ್ನದೆ, ಅಕ್ಕಿಯಲ್ಲಿ ಹರಳು ಆರಿಸಿದಂತೆ. ಕೆಲವು ದಿನಗಳಲ್ಲಿ ಇನ್ನೂ ಒಂದಿಷ್ಟು ಮಂದಿ ಅವನ ಜೊತೆಗೂಡಿದರು.

ಒಂದು ದಿನ ಅಪ್ಪನೂ ಬುಟ್ಟಿ ತೆಗೆದುಕೊಂಡ. ನಾನೂ ಹಿಂದೆ ಹೋದೆ. ಎಳೆಬಿಸಿಲಿನಲ್ಲಿ ಅಷ್ಟೂ ಮಂದಿ ಕುಕ್ಕರಗಾಲಲ್ಲಿ ಕೂತು ಕಲ್ಲು ಹೆಕ್ಕುತ್ತಿದ್ದರು. ಅಪ್ಪ ಭರಮಪ್ಪ ಕಾಕಾನ ಪಕ್ಕದಲ್ಲಿ ಹೋಗಿ ಕೂತ. ಕಾಕಾ ತುಸು ಸರಿದು ಜಾಗ ಕೊಟ್ಟ.

ಬರುವಾಗ ನಾನು ಕೇಳಿದೆ. "ಅಪ್ಪಾ, ಕಲ್ಲಿಗೆ ಬಡದೇ ಇಲ್ಲಲಾ?"

"ಇಲ್ಲ."

"ಮತ್ತ ನೀ ಯಾಕ ಆರಿಸಿದಿ?"

"ಅವರಿಗೆ ಕೊಟ್ಟಾಂವ ನಾನಲ್ಲೇನವ್ವಾ, ಆ ಕಲ್ಲು?" ಅಂದ.

ಆ ಗುಟ್ಟು ಇಟ್ಟುಕೊಂಡವರು, ಅದನ್ನು ಯಾರಿಂದ ಮುಚ್ಚಿಡಬೇಕಿತ್ತೋ ಅವರು, ಎಲ್ಲರೂ ಹೋದರು. ಅದಕ್ಕೇ ಇಂದು ಬರೆಯುವ ಧೈರ್ಯ ಬಂತು. ಟಾಂಗಾ ಹೋದವು, ಬಟ್ಟಿ ಹೋಯಿತು, ಗೆದ್ದ ಕುದುರೆಯ ಲಾಳಕ್ಕೆ ಜಗಳಾಡುವ ಮಂದಿ ಹೋದರು. ಅದಕ್ಕೆಲ್ಲ ನಾನು ಅಷ್ಟು ಮರುಗುವುದಿಲ್ಲ, ಕಾಲ ಯಾರ ಮನೆಯ ಆಳಲ್ಲ. ಆದರೆ ಈಗ ಯಾರಾದರೂ ಸತ್ತರೆ ಮಣ್ಣಿನಿಂದ ಮನೆಗೆ ಬರುವಷ್ಟರಲ್ಲಿ ತಪ್ಪು ಯಾರದೆಂದು ತೀರ್ಮಾನವಾಗಿರುತ್ತದೆ. ಆ ತೀರ್ಪಿನಿಂದ ಒಬ್ಬರನ್ನು ಉಳಿಸಲು ನಮ್ಮಪ್ಪನಷ್ಟು ಸಣ್ಣದೊಂದು ಸುಳ್ಳು ಹೇಳುವವರನ್ನು ನಾನು ಮತ್ತೆ ಕಾಣಲಿಲ್ಲ.

ಮೊನ್ನೆ ಮೊಮ್ಮಗನ ಕಾರಿನಲ್ಲಿ ಧಾರವಾಡಕ್ಕೆ ಹೋದೆ. ಅಮರಗೋಳದ ಹತ್ತಿರ ಆ ಹೊರಳು ಎಲ್ಲಿತ್ತೆಂದು ತಿಳಿಯಲೇ ಇಲ್ಲ. ರಸ್ತೆ ನೇರವಾಗಿದೆ, ಅಗಲವಾಗಿದೆ, ಡಾಂಬರು ಕನ್ನಡಿಯಂತಿದೆ. ನಾನು ಕಿಟಕಿಯಿಂದ ಬಗ್ಗಿ ಬಗ್ಗಿ ನೋಡುತ್ತಿದ್ದೆ. "ಏನ ಹುಡುಕಾಕತ್ತೀಬೇ, ಅಜ್ಜೀ?" ಅಂತ ಅವನು ಕೇಳಿದ. ಒಂದೇ ಒಂದು ಕಲ್ಲೂ ಸಿಗಲಿಲ್ಲ.