ನೂರ ನಲವತ್ತು ಗಂಟೆಯ ಕಾರು

2023ರಲ್ಲಿ ನಾನು ಸಿಯಾಟಲ್ ಪಕ್ಕದ ಬಾತೆಲ್‌ನಲ್ಲಿ, ಕ್ಯಾನ್ಯನ್ ಪಾರ್ಕ್ ಕಡೆ ಇದ್ದ ಒಂದು ಸಣ್ಣ ಕಿಟ್ ಕಾರ್ ಕಂಪನಿಯಲ್ಲಿ ಪ್ರಾಡಕ್ಟ್ ಎಂಜಿನಿಯರ್ ಆಗಿದ್ದೆ. ಒಟ್ಟು ಇಪ್ಪತ್ತಾರು ಜನರ ಕಂಪನಿ. ಕಿಟ್ ಕಾರ್ ಎಂದರೆ ಬಿಡಿಬಿಡಿಯಾಗಿ ಬರುವ ಕಾರು. ಅಡಿಯ ಚೌಕಟ್ಟಾದ ಚಾಸಿ, ಫೈಬರ್ ಬಾಡಿ, ಸಸ್ಪೆನ್ಷನ್, ವೈರಿಂಗ್ ಎಲ್ಲವನ್ನೂ ಪೆಟ್ಟಿಗೆಗಳಲ್ಲಿ ತುಂಬಿ ನಾವು ಕಳಿಸುತ್ತೇವೆ. ಎಂಜಿನ್ನನ್ನು, ಗೇರ್‌ಬಾಕ್ಸನ್ನು ಗಿರಾಕಿಯೇ ಹೊಂದಿಸಿಕೊಂಡು, ತನ್ನ ಮನೆಯ ಗ್ಯಾರೇಜಿನಲ್ಲಿ ಕಾರು ಕಟ್ಟಿಕೊಳ್ಳಬೇಕು. ಆಮೇಲೆ ತಪಾಸಣೆ, ನಂಬರ್ ಪ್ಲೇಟು.

ನಮ್ಮ ಗಿರಾಕಿಗಳಿಗೆ ವಯಸ್ಸಾಗುತ್ತಿತ್ತು. ಹೆಚ್ಚಿನವರು ಅರವತ್ತು ದಾಟಿದ ಗಂಡಸರು. ಆಗೀಗ ಯಾರದಾದರೂ ಹೆಂಡತಿಯಿಂದ ಇಮೇಲ್ ಬರುತ್ತಿತ್ತು: "ನನ್ನ ಪತಿ ತೀರಿಕೊಂಡರು. ಅರ್ಧ ಕಟ್ಟಿದ ನಿಮ್ಮ ಕಾರು ಗ್ಯಾರೇಜಿನಲ್ಲಿದೆ. ಏನು ಮಾಡಲಿ?" ಅಂಥ ಪತ್ರ ಬಂದ ದಿನ ಆಫೀಸಿನಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಹೊಸಬರು ಬಾರದಿದ್ದರೆ ಹತ್ತು ವರ್ಷದಲ್ಲಿ ಬಾಗಿಲು ಹಾಕಬೇಕು ಎನ್ನುವುದು ಮಾಲೀಕ ಟೆಡ್‌ನಿಂದ ಹಿಡಿದು ಪ್ಯಾಕಿಂಗ್ ಮಾಡುವವರವರೆಗೆ ಎಲ್ಲರಿಗೂ ಗೊತ್ತಿತ್ತು.

ಹೊಸಬರು ಎಂದರೆ ಯಾರು? ರೆಡ್ಮಂಡ್‌ನಲ್ಲಿ, ಸೌತ್ ಲೇಕ್ ಯೂನಿಯನ್‌ನಲ್ಲಿ, ಸಾಫ್ಟ್‌ವೇರ್ ಕಂಪನಿಗಳಲ್ಲಿ ದಿನವಿಡೀ ಸ್ಕ್ರೀನ್ ನೋಡುವ ಜನ. ಅವರಿಗೆ ಕೈಯಾರೆ ಏನಾದರೂ ಮಾಡುವ ಆಸೆಯಿದೆ. ಆದರೆ ಹೆದರಿಕೆ. ನಮ್ಮ ಆರುನೂರು ಪುಟದ ಮ್ಯಾನ್ಯುಯಲ್ ನೋಡಿದರೆ ಯಾರಾದರೂ ಹೆದರಬೇಕಾದದ್ದೇ. ಟೆಡ್ ನನ್ನನ್ನು ಕರೆದು, "ಇದನ್ನು ಒಂದು ಆಪ್ ಮಾಡು. ಏನೂ ಗೊತ್ತಿಲ್ಲದವರು ನೋಡಿಕೊಂಡು ಕಟ್ಟುವ ಹಾಗಿರಬೇಕು. ಮೊದಲು ನೀನೇ ಕಟ್ಟು, ಗಂಟೆ ಲೆಕ್ಕ ಇಡು. ನೀನು ಡಿಸೈನ್ ಮನುಷ್ಯ, ಸ್ಪ್ಯಾನರ್ ಹಿಡಿದವನಲ್ಲ. ನಮಗೆ ಬೇಕಾದದ್ದು ಅಂಥವನೇ" ಎಂದ.

ಹೇಳಬೇಕಾದ ಮಾತನ್ನು ನಾನು ಆಗ ಹೇಳಲಿಲ್ಲ.

ನಾನು ಚಳ್ಳಕೆರೆಯವನು. ಅಪ್ಪ ಲಾರಿ ಡ್ರೈವರ್, ಅಮ್ಮ ಕಡಲೆಕಾಯಿ ಮಿಲ್ಲಿನಲ್ಲಿ ಕೂಲಿ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವನು ನಾನೇ ಮೊದಲು. ಡಿಪ್ಲೊಮಾ ಆದ ಮೇಲೆ ಮುಂದೆ ಓದಿಸುವ ಶಕ್ತಿ ಮನೆಯಲ್ಲಿ ಇರಲಿಲ್ಲ. ಬಳ್ಳಾರಿ ರಸ್ತೆಯ ಒಂದು ಲಾರಿ ಗ್ಯಾರೇಜಿನಲ್ಲಿ ಆರು ವರ್ಷ ಫಿಟ್ಟರ್ ಕೆಲಸ ಮಾಡಿ, ಆಮೇಲೆ ಬಿ.ಇ. ಸೇರಿದೆ. ಕ್ಲಾಸಿನಲ್ಲಿ ಎಲ್ಲರಿಗಿಂತ ದೊಡ್ಡವನು. ಲ್ಯಾಬಿನಲ್ಲಿ ನನ್ನ ಉಗುರು ನೋಡಿ ಹುಡುಗರು "ಮೇಸ್ತ್ರಿ" ಎಂದು ಕರೆಯುತ್ತಿದ್ದರು. ಆ ಹೆಸರು ನನಗೆ ತುಂಬ ನಾಟಿತು. ಡಿಗ್ರಿ ಬಂದ ದಿನವೇ ರೆಸ್ಯೂಮೆಯಿಂದ ಆ ಆರು ವರ್ಷ ತೆಗೆದುಹಾಕಿದೆ. ಅಮೆರಿಕದಲ್ಲಿ ಎಂ.ಎಸ್. ಮುಗಿಸಿ ಟೆಡ್‌ನ ಮುಂದೆ ಇಂಟರ್‌ವ್ಯೂಗೆ ಕೂತಾಗ ಅವನು, "ಕಾರು ಬಿಚ್ಚಿ ಜೋಡಿಸಿ ಅಭ್ಯಾಸ ಇದೆಯಾ?" ಎಂದು ಕೇಳಿದ್ದ. "ಇಲ್ಲ, ನಾನು ಡಿಸೈನ್ ಎಂಜಿನಿಯರ್" ಎಂದಿದ್ದೆ. ಕಷ್ಟಪಟ್ಟು ಪಡೆದ ಡಿಗ್ರಿಯ ಪಕ್ಕದಲ್ಲಿ ಗ್ರೀಸ್ ಕಾಣಬಾರದು ಎನ್ನುವುದೊಂದೇ ಆಗ ನನ್ನ ಚಿಂತೆ.

ಕಂಪನಿಯ ಶೆಡ್ಡಿನಲ್ಲಿ ಒಬ್ಬನೇ ಕಾರು ಕಟ್ಟಿದೆ. ನೂರ ನಲವತ್ತು ಗಂಟೆ ಹಿಡಿಯಿತು. ಹಳೆಯ ಗಿರಾಕಿಗಳು ನಾನೂರು, ಐನೂರು ಎನ್ನುತ್ತಿದ್ದರು. ಕಟ್ಟುತ್ತಲೇ ಆಪ್ ಬರೆದೆ. ಆರುನೂರು ಪುಟ ಇನ್ನೂರ ಹನ್ನೆರಡು ಹೆಜ್ಜೆಯಾಯಿತು. 'ಇದು ಯಾರಿಗೆ ತಾನೇ ಗೊತ್ತಿಲ್ಲ' ಅನಿಸಿದ್ದನ್ನೆಲ್ಲ ತೆಗೆದೆ. ಹಾಗೆ ತೆಗೆದದ್ದರಲ್ಲಿ ಬ್ರೇಕ್ ಪೈಪಿನ ನಾಲ್ಕು ಪುಟಗಳೂ ಇದ್ದವು.

ಅವುಗಳ ವಿಷಯ ಸ್ವಲ್ಪ ಹೇಳಬೇಕು. ಬ್ರೇಕ್ ಎಣ್ಣೆ ಹರಿಯುವ ಸ್ಟೀಲ್ ಪೈಪಿನ ತುದಿಯನ್ನು ಒಂದು ಉಪಕರಣದಿಂದ ತುತ್ತೂರಿಯ ಬಾಯಿಯಂತೆ ಅಗಲಿಸಬೇಕು. ಇದಕ್ಕೆ ಫ್ಲೇರ್ ಎನ್ನುತ್ತಾರೆ. ಆ ಬಾಯಿ ಒಂದು ಕೂದಲೆಳೆ ಓರೆಯಾದರೂ ನಟ್ಟು ಬಿಗಿದಾಗ ಸೀಳುತ್ತದೆ. ಹಳೆಯ ಮ್ಯಾನ್ಯುಯಲ್‌ನಲ್ಲಿ, ಬೇರೆ ತುಂಡುಗಳ ಮೇಲೆ ಹತ್ತು ಫ್ಲೇರ್ ಮಾಡಿ ಕೈ ಕೂರಿಸಿಕೊಂಡ ಮೇಲೆಯೇ ನಿಜವಾದ ಪೈಪು ಮುಟ್ಟಿ ಎಂದಿತ್ತು. ನಾನು ಆ ಜಾಗದಲ್ಲಿ ಒಂದು ಚಿತ್ರ ಹಾಕಿ, "ಫ್ಲೇರ್ ಮಾಡಿ, ನಟ್ಟು ಬಿಗಿ ಮಾಡಿ" ಎಂದು ಬರೆದೆ. ಚಳ್ಳಕೆರೆಯಲ್ಲಿ ಎಷ್ಟು ತುಂಡು ಹಾಳು ಮಾಡಿ, ಎಷ್ಟು ಬೈಸಿಕೊಂಡು ಅದನ್ನು ಕಲಿತಿದ್ದೆ ಎನ್ನುವುದು ನೆನಪಿಗೇ ಬರಲಿಲ್ಲ.

ಜಾಹೀರಾತಿನ ವಿಡಿಯೊದಲ್ಲಿ ನಾನೇ ನಿಂತೆ. "ಎಂದೂ ಸ್ಪ್ಯಾನರ್ ಹಿಡಿಯದ ಎಂಜಿನಿಯರ್. ನೂರ ನಲವತ್ತು ಗಂಟೆ. ಒಂದು ಕಾರು." ವಿಡಿಯೊ ಚೆನ್ನಾಗಿ ಓಡಿತು. ಅದನ್ನು ನೋಡಿ ಎಂಟು ತಿಂಗಳಲ್ಲಿ ನಲವತ್ತೊಂದು ಹೊಸ ಗಿರಾಕಿಗಳು ಬಂದರು. ಟೆಡ್ ನನಗೆ ಬಡ್ತಿ ಕೊಟ್ಟ.

ಆ ನಲವತ್ತೊಂದರಲ್ಲಿ ಒಬ್ಬರು ಪೂರ್ಣಿಮಾ. ಮೈಸೂರಿನವರು, ರೆಡ್ಮಂಡ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಸಮ್ಮಾಮಿಶ್‌ನಲ್ಲಿ ಮನೆ. ಕನ್ನಡದವರ ಯುಗಾದಿ ಊಟದಲ್ಲಿ ಅವರೇ ನನ್ನನ್ನು ಗುರುತು ಹಿಡಿದರು.

"ವಿಡಿಯೊದಲ್ಲಿರೋರು ನೀವೇ ಅಲ್ವಾ ಸರ್? ನಿಜವಾಗ್ಲೂ ಮುಂಚೆ ಯಾವತ್ತೂ ಮಾಡಿರ್ಲಿಲ್ವಾ?"

"ಇಲ್ಲ ಮೇಡಂ. ನಾನೂ ನಿಮ್ಮ ಹಾಗೇ ಲ್ಯಾಪ್‌ಟಾಪ್ ಮುಂದೆ ಕೂತವನು."

ಅವರ ಗೆಳತಿ ಪಕ್ಕದಿಂದ ನಕ್ಕರು. "ಕಾರ್ ಕಟ್ತೀಯೇನೇ ಪೂರ್ಣಿ? ನಮ್ಮೆಜಮಾನ್ರು ಒಂದು ಬುಕ್ ಶೆಲ್ಫ್ ಜೋಡಿಸೋಕೆ ಮೂರು ವಾರ ತಗೊಂಡ್ರು. ಅದೂ ವಾಲ್ಕೊಂಡಿದೆ."

"ಅದಕ್ಕೇ ಯಜಮಾನ್ರನ್ನ ಕರೆಯಲ್ಲ. ನಾನು, ನನ್ನ ಮಗಳು, ಇಬ್ಬರೇ" ಎಂದರು ಪೂರ್ಣಿಮಾ. ಮಗಳು ಅನನ್ಯಾಗೆ ಹದಿನಾರು. ಅವಳು ಕಾಲೇಜಿಗೆ ಹೊರಡುವ ಮೊದಲು ಇಬ್ಬರೂ ಸೇರಿ ಒಂದು ಕೆಲಸ ಮಾಡಿ ಮುಗಿಸಬೇಕು ಎನ್ನುವುದು ಅವರ ಆಸೆಯಾಗಿತ್ತು.

ಕಿಟ್ ಹೋದ ಮೇಲೆ ಅವರ ಇಮೇಲ್‌ಗಳು ಬರತೊಡಗಿದವು. ನಾನು ಆಪ್‌ನ ಹೆಜ್ಜೆಯ ನಂಬರ್ ಬರೆದು ಉತ್ತರಿಸುತ್ತಿದ್ದೆ. ಐದನೇ ತಿಂಗಳಲ್ಲಿ ಒಂದು ಬಂತು: "ನಿಮ್ಮ ನೂರ ನಲವತ್ತು ಗಂಟೆ ನನಗೆ ಮುಗಿದುಹೋಯಿತು. ಇನ್ನೂ ಅರ್ಧಕ್ಕೂ ಬಂದಿಲ್ಲ. ಮಗಳು ಈಗ ಗ್ಯಾರೇಜಿಗೆ ಬರುವುದನ್ನೇ ಬಿಟ್ಟಿದ್ದಾಳೆ. ನನ್ನಲ್ಲೇ ಏನೋ ಕೊರತೆ ಇರಬೇಕು." ನಾನು ಉತ್ತರ ಬರೆದೆ: "ತಾಳ್ಮೆ ಇರಲಿ. ಎಲ್ಲ ಸರಿಹೋಗುತ್ತದೆ." ನನ್ನ ಕೆಲಸದ ಜೀವನದಲ್ಲಿ ಬರೆದ ಸಾಲುಗಳಲ್ಲಿ ಇದರಷ್ಟು ನಾಚಿಕೆ ತರುವ ಸಾಲು ಬೇರೆ ಇಲ್ಲ.

ಏಳನೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಟೆಡ್ ಫೋನ್ ಮಾಡಿದ. ಬಾಡಿ ಕೂರಿಸುವ ಮೊದಲು, ಬರೀ ಚಾಸಿಯ ಮೇಲೆ ಸೀಟು ಬಿಗಿದು ಮನೆಯ ಮುಂದೆ ಓಡಿಸಿ ನೋಡುವ ಪದ್ಧತಿ ನಮ್ಮಲ್ಲಿದೆ. ಪೂರ್ಣಿಮಾ ಅದನ್ನೇ ಮಾಡಿದ್ದರು. ಗ್ಯಾರೇಜಿನಿಂದ ರಸ್ತೆಗೆ ಹೋಗುವ ಅವರ ಡ್ರೈವ್‌ವೇ ಇಳಿಜಾರು. ಅಮ್ಮನ ಮೊದಲ ಓಟವಲ್ಲವೇ ಎಂದು ಅನನ್ಯಾ ಅಂದು ಹೊರಗೆ ಬಂದು, ಇಳಿಜಾರಿನ ಕೊನೆಯಲ್ಲಿ ನಿಂತು ಫೋನಿನಲ್ಲಿ ವಿಡಿಯೊ ಮಾಡುತ್ತಿದ್ದಳು. ಮೂರನೇ ಸಲ ಬ್ರೇಕ್ ಒತ್ತಿದಾಗ ಪೆಡಲ್ ನೆಲಕ್ಕೆ ಹೋಯಿತು, ಕಾರು ನಿಲ್ಲಲಿಲ್ಲ. ಹ್ಯಾಂಡ್‌ಬ್ರೇಕ್ ಕೇಬಲ್ ಇನ್ನೂ ಹಾಕಿರಲಿಲ್ಲ. ಹುಡುಗಿ ಹುಲ್ಲಿನ ಮೇಲೆ ಹಾರಿ ತಪ್ಪಿಸಿಕೊಂಡಳು. ಕಾರು ರಸ್ತೆ ದಾಟಿ ಎದುರುಮನೆಯ ಕಸದ ಡಬ್ಬಿಗಳಿಗೆ ಬಡಿದು ನಿಂತಿತು. ಪೂರ್ಣಿಮಾ ಅವರ ಮಣಿಕಟ್ಟು ಉಳುಕಿತ್ತು. ಅಷ್ಟಕ್ಕೇ ಮುಗಿದದ್ದು ಅದೃಷ್ಟ.

"ನೀನೇ ಹೋಗು. ನಿನ್ನ ಭಾಷೆಯವರು" ಎಂದ ಟೆಡ್.

ನಾನು ಹೋಗುವ ಹೊತ್ತಿಗೆ ಅಕ್ಕಪಕ್ಕದವರು ಕಾರನ್ನು ತಳ್ಳಿ ಗ್ಯಾರೇಜಿಗೆ ಸೇರಿಸಿದ್ದರು. ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಪೂರ್ಣಿಮಾ ಬಾಗಿಲಲ್ಲಿ ನಿಂತಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ.

"ಸಾರಿ ಸರ್, ಶನಿವಾರಾನೂ ನಿಮಗೆ ತೊಂದರೆ ಕೊಟ್ಟೆ. ನನ್ನದೇ ತಪ್ಪು. ನೀವು ಅಷ್ಟು ಈಸಿಯಾಗಿ ಬರೆದಿದ್ದೀರಿ, ನನಗೇ ಬರಲ್ಲ ಇದು."

"ಪರವಾಗಿಲ್ಲ ಬಿಡಿ ಮೇಡಂ, ಎಲ್ಲರಿಗೂ ಆಗತ್ತೆ" ಎಂದೆ.

ಅಂದರೆ, ತಪ್ಪು ಅವರದೇ ಎಂದು ಒಪ್ಪಿಕೊಂಡ ಹಾಗಾಯಿತು. ಮಗಳು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಳು.

ಹಿಂದಿನ ಎಡ ಚಕ್ರದ ಬಳಿ ನಟ್ಟು ಬಿಚ್ಚಿ ನೋಡಿದೆ. ಫ್ಲೇರ್ ಓರೆಯಾಗಿ ಸೀಳಿತ್ತು. ಪಾಪ, ಶಕ್ತಿಯೆಲ್ಲ ಹಾಕಿ ಬಿಗಿದಿದ್ದರು. ನಾನು "ಬಿಗಿ ಮಾಡಿ" ಎಂದಿದ್ದೆನಲ್ಲ. ಹೊಸ ಪೈಪು ಕತ್ತರಿಸಿದೆ, ಅಂಚಿನ ಮುಳ್ಳು ಉಜ್ಜಿದೆ, ನಟ್ಟು ತೂರಿಸಿ ಫ್ಲೇರ್ ಮಾಡಿದೆ, ಹೆಬ್ಬೆರಳ ಮೇಲೆ ಬಗ್ಗಿಸಿ ಕೂರಿಸಿದೆ. ಅವರಿಗೆ ಧೈರ್ಯ ಹೇಳುತ್ತಲೇ, ನೋಡದೆಯೇ ನಟ್ಟು ಬಿಗಿದೆ. ಹತ್ತು ನಿಮಿಷವೂ ಆಗಿರಲಿಲ್ಲ. ತಲೆಯೆತ್ತಿದರೆ ಪೂರ್ಣಿಮಾ ನನ್ನ ಕೈಯನ್ನೇ ನೋಡುತ್ತಿದ್ದರು.

"ಎಲ್ಲಿ ಕಲಿತ್ರಿ ಸರ್ ಇದನ್ನ?"

"ಹೀಗೇ... ಯೂಟ್ಯೂಬ್ ನೋಡಿ."

"ನಾನೂ ಯೂಟ್ಯೂಬ್ ನೋಡಿದೀನಿ. ಇಪ್ಪತ್ತು ವಿಡಿಯೊ. ನೀವು ನನ್ನ ಮುಖ ನೋಡ್ಕೊಂಡು ಮಾತಾಡ್ತಿದ್ರಿ, ಕೈ ಎಲ್ಲಿ ನಿಲ್ಲಬೇಕೋ ಅಲ್ಲಿ ತಾನೇ ನಿಲ್ತು. ನನ್ನ ಕೆಲಸಾನೇ ಬಗ್ ಹುಡುಕೋದು ಸರ್. ಇದು ಹೊಸಬರ ಕೈ ಅಲ್ಲ."

ಇನ್ನೊಂದು ಸುಳ್ಳು ಹುಡುಕಿದೆ, ಸಿಗಲಿಲ್ಲ. ಹೇಳಿದೆ. ಚಳ್ಳಕೆರೆ, ಲಾರಿ ಗ್ಯಾರೇಜು, ಆರು ವರ್ಷ. ಅದನ್ನು ಬಾಯಿಬಿಟ್ಟು ಹೇಳಿದ್ದು ಅಮೆರಿಕಕ್ಕೆ ಬಂದ ಮೇಲೆ ಅದೇ ಮೊದಲು.

ಪೂರ್ಣಿಮಾ ದನಿ ಏರಿಸದೆಯೇ ಹೇಳಿದರು: "ಏಳು ತಿಂಗಳು ದಿನಾ ನನ್ನನ್ನ ನಾನೇ ದಡ್ಡಿ ಅಂತ ಬೈಕೊಂಡೆ. ನನ್ನ ಮಗಳೂ ಹಾಗೇ ಅಂದ್ಕೊಂಡ್ಳು. ನೀವು ಫಿಟ್ಟರ್ ಅಂತ ಮೊದಲೇ ಹೇಳಿದ್ರೆ ನಿಮ್ಮ ಮೇಲೆ ಮರ್ಯಾದೆ ಜಾಸ್ತಿ ಆಗ್ತಿತ್ತು. ನನ್ನ ಮೇಲೂ ನನಗೆ ಸ್ವಲ್ಪ ಉಳೀತಿತ್ತು."

"ಕ್ಷಮಿಸಿ" ಎಂದೆ. "ನಾನೇ ಪ್ರತಿ ಶನಿವಾರ ಬಂದು ಮುಗಿಸಿಕೊಡ್ತೀನಿ."

ಮೆಟ್ಟಿಲ ಮೇಲಿಂದ ಅನನ್ಯಾ, "ನೋ, ಥ್ಯಾಂಕ್ಸ್" ಎಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗಿತ್ತು.

ಸೋಮವಾರ ಟೆಡ್‌ನ ಮುಂದೆ ಕೂತು ಎಲ್ಲ ಹೇಳಿದೆ. ಕೆಲಸ ಹೋಗುತ್ತದೆ ಎಂದೇ ಭಾವಿಸಿದ್ದೆ. ಅವನು ಮೊದಲು ನಂಬಲಿಲ್ಲ. "ಆರು ವರ್ಷ ಲಾರಿ ರಿಪೇರಿ ಮಾಡಿದವನು ಅದನ್ನು ಬಚ್ಚಿಡುತ್ತಾನಾ? ಹೇಳಿದ್ದರೆ ಇಂಟರ್‌ವ್ಯೂನಲ್ಲಿ ಐದೇ ನಿಮಿಷಕ್ಕೆ ಕೆಲಸ ಕೊಡುತ್ತಿದ್ದೆ." ಆಮೇಲೆ ಅವನ ಮುಖ ಗಂಭೀರವಾಯಿತು. "ಆ ಹುಡುಗಿ ಹಾರದೆ ಇದ್ದಿದ್ದರೆ?" ಬಡ್ತಿಯನ್ನು ಅವನು ಹಿಂದಕ್ಕೆ ಪಡೆದ. ಅದು ನ್ಯಾಯವೇ ಆಗಿತ್ತು.

ಅಂದೇ ಜಾಹೀರಾತಿನ ವಿಡಿಯೊವನ್ನು ತೆಗೆದುಹಾಕಿದೆವು. ನಲವತ್ತೊಂದು ಜನರಿಗೂ ನನ್ನ ಹೆಸರಿನಲ್ಲೇ ಪತ್ರ ಹೋಯಿತು: ಕಾರನ್ನು ಓಡಿಸಬೇಡಿ, ಬ್ರೇಕ್ ಪೈಪಿನ ಪ್ರತಿ ಜೋಡಣೆಯನ್ನೂ ತಪಾಸಣೆ ಮಾಡಿಸುತ್ತೇವೆ, ಈ ಆಪ್ ಬರೆದವನು ಆರು ವರ್ಷ ಲಾರಿ ಮೆಕ್ಯಾನಿಕ್ ಆಗಿದ್ದ, ಅದನ್ನು ನಿಮ್ಮಿಂದ ಮುಚ್ಚಿಟ್ಟಿದ್ದ. ಪತ್ರ ಬರೆಯುವಾಗ ಆ ಕೊನೆಯ ಸಾಲಿಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಬ್ರೇಕ್ ಹಂತಕ್ಕೆ ಬಂದಿದ್ದ ಹದಿನಾಲ್ಕು ಕಾರುಗಳಲ್ಲಿ ಇನ್ನೂ ಮೂರರಲ್ಲಿ ಎಣ್ಣೆ ಸೋರಿ ನಟ್ಟು ಒದ್ದೆಯಾಗಿತ್ತು. ಐದು ಜನ ಕಿಟ್ ವಾಪಸು ಮಾಡಿದರು. ಒಬ್ಬ ಹೀಗೆ ಬರೆದ: "ನಾನು ಈ ಕಾರು ಬಿಟ್ಟದ್ದು ಅದು ಕಷ್ಟ ಅಂತಲ್ಲ. ಸುಲಭ ಅಂತ ನೀನು ಹೇಳಿದ್ದಕ್ಕೆ."

ತೆಗೆದ ನಾಲ್ಕು ಪುಟಗಳು ಆಪ್‌ಗೆ ವಾಪಸು ಬಂದವು. ಶೆಡ್ಡಿನಲ್ಲಿ ಶನಿವಾರದ ತರಗತಿ ಶುರು ಮಾಡಿದೆವು. ಮೊದಲ ತರಗತಿಯಲ್ಲಿ ಬರೀ ಫ್ಲೇರ್. ಹಾಳಾದ ತುಂಡುಗಳನ್ನು ಎಲ್ಲರೆದುರು ಮೇಜಿನ ಮೇಲೆ ಹರಡುತ್ತೇವೆ, ನನ್ನವನ್ನೂ ಸೇರಿಸಿ. ನಿಜವಾಗಿಯೂ ಏನೂ ಗೊತ್ತಿಲ್ಲದ ನಾಲ್ವರಿಂದ ಕಾರು ಕಟ್ಟಿಸಿ ಗಂಟೆ ಲೆಕ್ಕ ಹಾಕಿದೆವು. ಬೇಗ ಮುಗಿಸಿದವರಿಗೆ ಮುನ್ನೂರ ತೊಂಬತ್ತು ಗಂಟೆ. ಈಗ ಜಾಹೀರಾತಿನಲ್ಲಿ ಇರುವುದು ಅದೇ. ಮಾರಾಟ ಇಳಿಯಿತು. ಆಮೇಲೆ ನಿಧಾನವಾಗಿ ಸ್ವಲ್ಪ ಏರಿತು. ಈ ಉದ್ಯಮ ಉಳಿಯುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ತರಗತಿಗೆ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಲವತ್ತರ ಒಳಗಿನವರು ಎನ್ನುವುದಷ್ಟು ಗೊತ್ತು.

ಪೂರ್ಣಿಮಾ ತರಗತಿಗೆ ಬರಲಿಲ್ಲ. ನಮ್ಮ ಹಳೆಯ ಗಿರಾಕಿ, ಎಪ್ಪತ್ತೆರಡು ವರ್ಷದ ಹೆರಾಲ್ಡ್, ಪೂರ್ಣಿಮಾ ಮನೆಯ ಹತ್ತಿರವೇ ಇದ್ದರು. ಹೋಗಿ ಅವರಿಗೆ ನೆರವಾಗಿ ಎಂದು ಹೆರಾಲ್ಡ್‌ಗೆ ಹೇಳಿದೆ. ಕೆಲಸ ಅವರು ಮುಟ್ಟುತ್ತಿರಲಿಲ್ಲವಂತೆ, ಕುರ್ಚಿ ಹಾಕಿಕೊಂಡು ಕೂತು, "ಇನ್ನೊಂದು ಸಲ ಮಾಡು" ಎನ್ನುತ್ತಿದ್ದರಂತೆ. ಅನನ್ಯಾ ಮತ್ತೆ ಗ್ಯಾರೇಜಿಗೆ ಬರುತ್ತಿದ್ದಾಳೆ ಎನ್ನುವುದನ್ನೂ ಹೆರಾಲ್ಡೇ ಹೇಳಿದರು. ನಾನು ಹಾಕಿಕೊಟ್ಟಿದ್ದ ಪೈಪನ್ನು ಅವಳು ಬಿಚ್ಚಿ ಎಸೆದು, ತಾನೇ ಹೊಸದು ಮಾಡಿ ಹಾಕಿದ್ದಳಂತೆ.

ಮರುವರ್ಷ, ಅವಳು ಕಾಲೇಜಿಗೆ ಹೊರಡಲು ಎರಡು ವಾರ ಇದ್ದಾಗ ಪೂರ್ಣಿಮಾ ಫೋನ್ ಮಾಡಿದರು.

"ತಪಾಸಣೆ ಪಾಸಾಯ್ತು ಸರ್. ಪ್ಲೇಟೂ ಬಂತು. ಭಾನುವಾರ ಇಬ್ಬರೂ ಹೋಗ್ತಿದೀವಿ."

"ನಾನು ಬಂದು ನೋಡಲಾ ಮೇಡಂ? ದೂರದಲ್ಲಿ ನಿಂತ್ಕೊಂಡು ನೋಡ್ತೀನಿ, ಅಷ್ಟೇ."

"ಬೇಡ ಸರ್. ಬೇಜಾರು ಮಾಡ್ಕೋಬೇಡಿ. ನೀವು ಬಂದ್ರೆ, ನೀವು ಕಟ್ಟಿದ ಕಾರು ಅನ್ಸತ್ತೆ. ಇದು ನಾವು ಕಟ್ಟಿದ್ದು."

ಸರಿ ಎಂದೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಡಿಗ್ರಿ ನನಗೆ ಹೆಮ್ಮೆ, ಇವತ್ತಿಗೂ. ಆದರೆ ಅದರ ಹೊಳಪು ಕಾಪಾಡಲು ನಾನು ಮುಚ್ಚಿಟ್ಟದ್ದು ನನ್ನ ಹಳೆಯ ಕೆಲಸವೊಂದನ್ನೇ ಅಲ್ಲ. ಕಲಿಯಲು ಎಷ್ಟು ಕಾಲ ಬೇಕು ಎನ್ನುವ ಸತ್ಯವನ್ನೂ ಮುಚ್ಚಿಟ್ಟೆ. ಅದರ ಭಾರ ಹೊತ್ತವರು ನನ್ನನ್ನು ನಂಬಿದ ಹೊಸಬರು. ಹೊಸಬರನ್ನು ಕರೆಯುವವನು ಮೊದಲು ತಾನು ಹೊಸಬನಾಗಿದ್ದಾಗ ಹಾಳು ಮಾಡಿದ್ದನ್ನು ತೋರಿಸಬೇಕು. ಈ ಉದ್ಯೋಗ ನನಗೆ ಕಲಿಸಿದ್ದು ಇದು. ನಾನು ಕಲಿಯುವಷ್ಟರಲ್ಲಿ ಒಬ್ಬ ಹುಡುಗಿ ಹುಲ್ಲಿನ ಮೇಲೆ ಹಾರಬೇಕಾಗಿ ಬಂತು.